ಪಾಫೋಸ್‌ನಲ್ಲಿ ಉಕ್ಕಿದ ಹಾಲು

ಸಂಶಯಪಡುವುದು ನನ್ನ ಉದ್ಯೋಗ. ಅಮೆರಿಕದ ಟೆಕ್ಸಸ್‌ನ ಯೂಲೆಸ್ ಎಂಬ ಊರಿನಲ್ಲಿ ಎಷ್ಟೋ ವರ್ಷಗಳಿಂದ ಫಾರ್ಮಸಿಸ್ಟ್ ಆಗಿದ್ದೇನೆ. ಡಾಕ್ಟರು ಬರೆದ ಔಷಧ ಸರಿಯೇ, ಪ್ರಮಾಣ ಸರಿಯೇ, ಈ ಮನುಷ್ಯ ಮೊದಲೇ ನುಂಗುತ್ತಿರುವ ಇನ್ನೊಂದು ಮಾತ್ರೆಯ ಜೊತೆ ಇದು ಜಗಳಕ್ಕೆ ನಿಲ್ಲುತ್ತದೆಯೇ ಎಂದು ಪ್ರತಿಯೊಂದನ್ನೂ ಅನುಮಾನದಿಂದ ನೋಡುವುದಕ್ಕೇ ನನಗೆ ಸಂಬಳ. ಹಾಗಾಗಿ ನನ್ನ ಗಂಡ ಪ್ರಭಂಜನ "ಸುಮ್ನ ಒಮ್ಮೆ ನೋಡಿ ಬರ್ತೇನಿ" ಎಂದು ಒಬ್ಬರೇ ಸೈಪ್ರಸ್‌ಗೆ ಹೊರಟು ನಿಂತಾಗ ನನ್ನ ಕಿವಿ ನಿಮಿರಿತು. ಸುಮ್ಮನೆ ನೋಡಿ ಬರುವವರು ದೇವರ ಮನೆಯ ಪುಟ್ಟ ಬೆಳ್ಳಿ ಗಣಪತಿಯನ್ನು ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿಕೊಳ್ಳುವುದಿಲ್ಲ.

"ಅದ್ಯಾಕೆ?" ಎಂದೆ.

"ಪ್ರವಾಸದಾಗ ಜೋಡಿ ಇರಲಿ ಅಂತ" ಎಂದರು. ಧಾರವಾಡದವರಾದ ನನ್ನ ಗಂಡ ಅಷ್ಟೇನೂ ದೇವರ ಮನುಷ್ಯರಲ್ಲ. ಸಂಕಷ್ಟಿಯ ದಿನ ಕೂಡ ನಾನು ನೆನಪಿಸಬೇಕು.

ಆ ದ್ವೀಪವನ್ನು ನಾನೂ ನೋಡಿದ್ದೆ. ಏಪ್ರಿಲ್‌ನಲ್ಲಿ ಇಬ್ಬರೂ ಹೋಗಿ ಪಾಫೋಸ್ ಎಂಬ ಊರಿನಲ್ಲಿ ಒಂದು ವಾರ ಇದ್ದು ಬಂದಿದ್ದೆವು. ರಸ್ತೆಯ ಪಕ್ಕದಲ್ಲೇ ನಿಂಬೆ ಮರಗಳು, ಕಾಂಪೌಂಡುಗಳ ಮೇಲೆ ಕಾಗದದ ಹೂವು, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂತ ಅಜ್ಜಿಯರು. ಬಟ್ಟೆಗೆ ಹಾಕುವ ನೀಲಿಯನ್ನು ಯಾರೋ ಧಾರಾಳವಾಗಿ ಕದಡಿದ ಹಾಗೆ ಸಮುದ್ರ. ಚಂದವಿತ್ತು, ಸುಳ್ಳು ಹೇಳಲಾರೆ. ಒಂದು ಮಧ್ಯಾಹ್ನ ದಡದ ಹೋಟೆಲಿನಲ್ಲಿ ಹುರಿದ ಚೀಸ್ ತಿನ್ನುತ್ತ ಅವರು ಕೇಳಿದರು:

"ಇಲ್ಲೇ ಬಂದು ಇದ್ದುಬಿಡೋಣೇನು, ಕುಮುದಾ?"

"ಬೇಡ."

"ಯಾಕ? ಬಿಸಲು ಎಷ್ಟು ಛಂದ ಅದ ನೋಡು."

"ಬಿಸಿಲು ಬೇಕಿದ್ರೆ ಆಗಸ್ಟಲ್ಲಿ ನಮ್ಮ ಯೂಲೆಸ್‌ನಲ್ಲಿ ಯಾವುದಾದ್ರೂ ಪಾರ್ಕಿಂಗ್ ಲಾಟ್‌ನಲ್ಲಿ ನಿಂತ್ಕೊಳ್ಳಿ. ನಿಮಗೆ ರಿಟೈರ್‌ಮೆಂಟ್ ಬಂತು, ನನಗೆ ಬಂದಿಲ್ಲ. ನನ್ನ ಕೆಲಸ ಅಲ್ಲಿದೆ, ನನ್ನ ಲೈಸೆನ್ಸ್ ನಡೆಯೋದು ಅಲ್ಲಿ. ಇಲ್ಲಿ ಬಂದು ನಾನೇನು ಮಾಡ್ಲಿ? ಆ ಅಜ್ಜೀರ ಪಕ್ಕ ಇನ್ನೊಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಲಾ?"

"ಆತು ಬಿಡು" ಎಂದು ನಕ್ಕರು. ನಾನು ನಗಲಿಲ್ಲ. ನಮ್ಮ ಫಾರ್ಮಸಿಯಲ್ಲಿ ಕೌಂಟರಿನ ಮುಂದೆ ನಿಂತು "ಕುಮುದಾ ಇದ್ದಾಳಾ?" ಎಂದು ಕೇಳುವ ಮುದುಕರಿದ್ದಾರೆ. ನನ್ನನ್ನು ಕೇಳದೆ ಹೊಸ ಮಾತ್ರೆಯನ್ನು ಬಾಯಿಗೆ ಹಾಕುವುದಿಲ್ಲ ಅವರು. ಅದು ಬಿಟ್ಟರೆ ನಾನು ಯಾರು ಎಂದು ನನಗೇ ಗೊತ್ತಿಲ್ಲ. ಇದನ್ನೂ ಆ ದಿನ ಅವರಿಗೆ ಬಿಡಿಸಿ ಹೇಳಿದ್ದೆ.

ಆದರೆ ಊರಿಗೆ ಮರಳಿದ ಮೇಲೆ ಫೋನುಗಳು ಶುರುವಾದವು. ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್‌ನಲ್ಲಿ ಶ್ರೀಜಾ ಎಂಬ ಉಡುಪಿಯ ಹುಡುಗಿ ಇದ್ದಾಳೆ. ಹುಡುಗಿ ಎಂದರೆ ನಲವತ್ತು ದಾಟಿದವಳೇ, ಗಂಡನಿಂದ ಬೇರೆಯಾಗಿ ಒಬ್ಬಳೇ ಇದ್ದಾಳೆ. ಮೊದಲು ಅಲ್ಲಿನ ಹೊಸ ಬಡಾವಣೆಗಳಲ್ಲಿ ಮನೆ ಮಾರುತ್ತಿದ್ದಳು, ಈಗ ಟೆಕ್ಸಸ್‌ನ ನಮ್ಮ ಜನರನ್ನು ಗುಂಪು ಕಟ್ಟಿಕೊಂಡು ಹೋಗಿ ಸೈಪ್ರಸ್‌ನಲ್ಲಿ ಮನೆ ತೋರಿಸುತ್ತಾಳೆ. ಅವಳ ಫೋನ್ ಬಂದರೆ ನನ್ನ ಗಂಡ ಹಿತ್ತಿಲಿಗೆ ಹೋಗುತ್ತಿದ್ದರು. ಡಿಎಫ್‌ಡಬ್ಲ್ಯು ವಿಮಾನ ನಿಲ್ದಾಣದ ವಿಮಾನಗಳು ನಮ್ಮ ಸೂರಿನ ಮೇಲೆಯೇ ಹಾರುವುದರಿಂದ ಹಿತ್ತಿಲಿನಲ್ಲಿ ಫೋನ್ ಮಾಡುವವರು ಯಾರೂ ಇಲ್ಲ. ಗಂಟಲು ಹರಿಯುವಂತೆ ಕಿರುಚಬೇಕಾಗುತ್ತದೆ. ಆದರೂ ಇವರು ಅಲ್ಲೇ ಹೋಗಿ ಕಿರುಚುತ್ತಿದ್ದರು, ನಡುನಡುವೆ ನಗುತ್ತಿದ್ದರು. ನನ್ನ ಜೊತೆ ಅಷ್ಟು ನಕ್ಕು ಎಷ್ಟು ಕಾಲವಾಯಿತೋ.

ಸೆಪ್ಟೆಂಬರ್ ಕೊನೆಗೆ ಹೋದರು. ಶ್ರೀಜಾಳ ಗುಂಪಿನ ಜೊತೆಗೇ.

ಅವರು ಅಲ್ಲಿದ್ದಾಗ ಇಲ್ಲಿ ದಸರಾ. ಗೆಳತಿ ಮಧುರಾ ಗೊಂಬೆ ಕೂರಿಸಿದ್ದಳು. ಅರಿಶಿನ ಕುಂಕುಮಕ್ಕೆ ಹೋಗಲು ಹಸಿರು ಮೈಸೂರು ಸಿಲ್ಕ್ ಉಡೋಣವೆಂದು ಬೀರು ತೆಗೆದರೆ ಅದು ಇರಲಿಲ್ಲ. ಹ್ಯಾಂಗರ್ ಖಾಲಿ ನೇತಾಡುತ್ತಿತ್ತು. ಎಲ್ಲ ಕಪಾಟು ತಡಕಾಡಿದೆ. ಡ್ರೈ ಕ್ಲೀನಿಂಗಿನವನನ್ನು ಕೇಳಿದೆ. ಕೊನೆಗೆ ಹೂಸ್ಟನ್‌ನ ಕ್ಲಿಯರ್ ಲೇಕ್‌ನಲ್ಲಿ ಇಂಜಿನಿಯರ್ ಆಗಿರುವ ಮಗಳು ಅನಘಾಳಿಗೆ ಫೋನ್ ಮಾಡಿ, ನೀನೇನಾದರೂ ಒಯ್ದೆಯಾ ಎಂದೆ.

"ಅಮ್ಮಾ, ವೈ ವುಡ್ ಐ ಟೇಕ್ ಯುವರ್ ಸ್ಯಾರಿ?" ಎಂದಳು. ನಿಜವೇ. ಅವಳಿಗೆ ಸೀರೆ ಉಡಿಸಬೇಕಾದರೆ ನಾನೇ ಪಿನ್ನು ಕಚ್ಚಿಕೊಂಡು ಸುತ್ತಬೇಕು.

ಯೂಲೆಸ್ ಮನೆಯ ಗೃಹಪ್ರವೇಶದ ದಿನ ಉಟ್ಟ ಸೀರೆ ಅದು. ಆ ದಿನ ನನ್ನ ಜೊತೆ ಕೆಲಸ ಮಾಡುವವಳು ತಡವಾಗಿ ಬಂದಳೆಂದು ನಾನು ಫಾರ್ಮಸಿಯಿಂದ ಹೊರಡುವುದೇ ತಡವಾಯಿತು. ನನ್ನ ಗಂಡ ಒಲೆ ಹಚ್ಚದೆ ಕಾದರು, ನೆಂಟರೆಲ್ಲ ಕಾದರು. "ಯಜಮಾನಿ ಬರದೆ ಸಂಕಲ್ಪ ಇಲ್ಲ" ಎಂದು ಪುರೋಹಿತರು ಪಟ್ಟು ಹಿಡಿದು ಕೂತಿದ್ದರು. ನಾನು ಓಡಿ ಬಂದು, ಸೀರೆ ಸುತ್ತಿಕೊಂಡು, ಮಣೆಯ ಮೇಲೆ ಕೂತ ಮೇಲೆಯೇ ಹಾಲು ಉಕ್ಕಿದ್ದು. ಅದನ್ನು ನೆನೆದಾಗಲೆಲ್ಲ ನನಗೆ ಒಂದು ಜಂಬ.

ಎರಡು ದಿನದ ನಂತರ ಗಂಡನಿಂದ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. 'ಇವತ್ತು ನೋಡಿದ ಮನಿ. ಹೆಂಗದ?' ಎಂಬ ಒಂದು ಸಾಲು. ಬಿಳಿ ಗೋಡೆ, ನೀಲಿ ಕಿಟಕಿ, ಕಿಟಕಿಯಾಚೆ ಸಮುದ್ರದ ಒಂದು ಚೂರು. ಕ್ಯಾಮರಾ ಅಡುಗೆಮನೆಯ ಮೇಲೆ ಹಾದು ಹೋಯಿತು. ನಾನು ನಿಲ್ಲಿಸಿ, ಹಿಂದೆ ತಂದು, ದೊಡ್ಡದು ಮಾಡಿ ನೋಡಿದೆ. ಒಲೆಯ ಮೇಲೆ ಕಂದು ಬಣ್ಣದ ಉಂಗುರದಂಥ ಕಲೆ ಇತ್ತು. ಅಂಚಿನಿಂದ ಕೆಳಕ್ಕೆ ಇಳಿದು ಒಣಗಿದ ಗೆರೆ. ಹಾಲು ಉಕ್ಕಿ ಹರಿದದ್ದು. ಒಲೆ ಒರೆಸುವ ಅಭ್ಯಾಸ ನನ್ನ ಗಂಡನಿಗೆ ಮದುವೆಯಾದಾಗಿನಿಂದ ಬಂದಿಲ್ಲ. ಮುಂದೆ ಬಾಗಿಲ ಹತ್ತಿರ ಹೊಸಿಲಿನ ಮೇಲೆ ಅರಿಶಿನ ಬಳಿದು ಅದರ ಮೇಲೆ ಕುಂಕುಮ ಇಟ್ಟಿದ್ದು ಕಂಡಿತು.

ನೋಡಿದ ಮನೆಯಂತೆ! ಮಾರಲು ಇಟ್ಟ ಗ್ರೀಕರ ಮನೆಯಲ್ಲಿ ಹೊಸಿಲಿಗೆ ಕುಂಕುಮ ಇಟ್ಟು ಹಾಲು ಉಕ್ಕಿಸಿದವರು ಯಾರು?

ವಿಡಿಯೋ ಇನ್ನೊಮ್ಮೆ ಹಾಕಿ ನೋಡಿದೆ. ಮನೆ ಕೊಂಡಾಗಿದೆ, ಗೃಹಪ್ರವೇಶವೂ ಆಗಿದೆ. ಅವರ ಅಣ್ಣತಮ್ಮಂದಿರು ಧಾರವಾಡದ ಜಾಗ ಮಾರಿದಾಗ ಬಂದ ಪಾಲು ಎಲ್ಲಿ ಹೋಯಿತೆಂದು ಈಗ ತಿಳಿಯಿತು. ಅದಾದರೂ ಹೋಗಲಿ. ಯಜಮಾನಿ ಇಲ್ಲದೆ ಸಂಕಲ್ಪ ಇಲ್ಲ. ಹಾಗಿದ್ದರೆ ಅವರ ಪಕ್ಕದ ಮಣೆಯ ಮೇಲೆ, ನನ್ನ ಹಸಿರು ಸೀರೆ ಉಟ್ಟುಕೊಂಡು, ಕೂತವಳು ಯಾರು?

ಅವರು ಬಿಸಿಲಿಗೆ ಕಪ್ಪಾಗಿ, ಖುಷಿಯಾಗಿ ವಾಪಸು ಬಂದರು. ಬೆಳ್ಳಿ ಗಣಪತಿ ಬರಲಿಲ್ಲ.

"ಆ ಮನೇಲಿ ಒಲೆ ಮೇಲೆ ಹಾಲು ಉಕ್ಕಿದ ಕಲೆ ಇತ್ತಲ್ಲ?" ಎಂದು ಊಟಕ್ಕೆ ಬಡಿಸುತ್ತ ಕೇಳಿದೆ. ಕುಂಕುಮದ ಮಾತು ಎತ್ತಲಿಲ್ಲ.

ಅವರು ಅನ್ನ ಕಲಸುತ್ತಲೇ ಹೇಳಿದರು: "ಯಾರೋ ಕಾಫಿ ಮಾಡಿರಬೇಕು. ನೀನು ಭಾಳ ಬಾರಿಕ ನೋಡ್ತೀ ಬಿಡು."

"ಗಣಪತಿ?"

"ಹೋಟೆಲ್‌ನ್ಯಾಗ ಮರತೆ. ಕಳಸಿ ಕೊಡ್ತಾರಂತ."

ಎದುರು ಕೂತು ಉಣ್ಣುತ್ತಿರುವವರು ಎಷ್ಟು ನಿರಾಳವಾಗಿ ಸುಳ್ಳು ಹೇಳುತ್ತಾರೆ ಎಂದು ನೋಡುತ್ತಿದ್ದೆ. ಆದರೆ ಜಗಳ ತೆಗೆಯಲಿಲ್ಲ. ಪೂರ್ತಿ ಗೊತ್ತಾಗದೆ ಬಾಯಿ ಬಿಡುವುದು ನನ್ನ ಉದ್ಯೋಗದಲ್ಲಿ ಇಲ್ಲ. ಸೀರೆಯ ವಿಷಯ ಬೇಕೆಂದೇ ನುಂಗಿಕೊಂಡೆ. ಅನಘಾಳಿಗೆ ಮಾತ್ರ ಹೇಳಿದೆ. "ಯು ಆರ್ ಇಮ್ಯಾಜಿನಿಂಗ್ ಥಿಂಗ್ಸ್, ಅಮ್ಮಾ. ಅಪ್ಪನಾ? ಸೀರಿಯಸ್ಲಿ?" ಎಂದು ನಕ್ಕುಬಿಟ್ಟಳು.

ಶನಿವಾರ ಆಸ್ಟಿನ್‌ನಲ್ಲಿ ಟ್ರೈನಿಂಗ್ ಇದೆ ಎಂದು ಸುಳ್ಳು ಹೇಳಿ ಕಾರು ತೆಗೆದೆ. ಅವರೊಬ್ಬರೇ ಹೇಳಬೇಕೆಂದಿದೆಯೇ? ನಡುದಾರಿಯ ವೇಕೋ ದಾಟುವವರೆಗೂ ಶ್ರೀಜಾಳಿಗೆ ಏನೇನು ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡೆ. ಬೈಗುಳ ನಮ್ಮ ಮೈಸೂರಿನವೇ ಸಾಕೋ, ಅತ್ತೆಯವರಿಂದ ಕಲಿತ ಧಾರವಾಡದವೂ ಬೇಕೋ ಎಂದು ಆರಿಸಿಕೊಳ್ಳುತ್ತಿದ್ದೆ.

ಜಾರ್ಜ್‌ಟೌನ್‌ನ ಆ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಥರ. ಎರಡು ಬಾರಿ ತಪ್ಪು ಮನೆಯ ಮುಂದೆ ನಿಂತು, ಮೂರನೆಯದರ ಗಂಟೆ ಒತ್ತಿದೆ. ಶ್ರೀಜಾ ಬಾಗಿಲು ತೆಗೆದವಳೇ ಎರಡೂ ಕೈ ಹಿಡಿದುಕೊಂಡಳು.

"ಅಯ್ಯೋ, ಕುಮುದಾ ಆಂಟಿ! ಎಂಥದು ಮಾರಾಯ್ರೆ, ಹೇಳದೆ ಕೇಳದೆ! ಬನ್ನಿ, ಬನ್ನಿ. ಮನೆ ನೋಡ್ಲಿಕ್ಕೆ ಯಾವಾಗ ಹೋಗ್ತೀರಿ? ಅಂಕಲ್ ಹೇಳಿದ್ರಾ ಕೊನೆಗೂ?"

"ಏನನ್ನ?"

"ಸರ್‌ಪ್ರೈಸ್ ಅಂತ ಇದ್ರು. ನಿಮ್ಮ ಆ್ಯನಿವರ್ಸರಿಗೆ ಹೇಳ್ತೇನೆ, ಅಲ್ಲಿವರೆಗೆ ಬಾಯಿ ಬಿಡ್ಬೇಡ ಅಂತ ನನ್ನತ್ರ ಆಣೆ ಹಾಕಿಸಿದ್ರು."

ಬಾಯಿಪಾಠ ಮಾಡಿದ್ದನ್ನೆಲ್ಲ ಬದಿಗಿಟ್ಟು ಒಳಗೆ ಹೋಗಿ ಕೂತೆ. "ಎಲ್ಲ ಹೇಳಿದ್ರು" ಎಂದೆ. ಆ ದಿನದ ಎರಡನೆಯ ಸುಳ್ಳು. "ಪೂಜೆಗೆ ಅವರ ಪಕ್ಕ ಯಾರು ಕೂತಿದ್ರು ಅಂತ ಮಾತ್ರ ಹೇಳಲಿಲ್ಲ."

ಶ್ರೀಜಾಳ ಕಣ್ಣು ಒದ್ದೆಯಾಯಿತು. "ಅದನ್ನು ನೀವು ನೋಡ್ಲೇಬೇಕು ಆಂಟಿ. ನಾನೇ ಶೂಟ್ ಮಾಡಿದ್ದು."

ಟ್ಯಾಬ್ಲೆಟ್ ತಂದು ಪಕ್ಕದಲ್ಲಿ ಕೂತಳು. ಅದೇ ಬಿಳಿ ಗೋಡೆ. ನೆಲದ ಮೇಲೆ ರಂಗೋಲಿ, ಬೆಳ್ಳಿ ಗಣಪತಿ. ಎರಡು ಮಣೆ ಸಿಗದೆ ಎರಡು ಮಡಿಸಿದ ಟವೆಲು. ಒಂದರ ಮೇಲೆ ನನ್ನ ಗಂಡ ಪಂಚೆ ಉಟ್ಟು ಕೂತಿದ್ದರು. ಅವರ ಬಲಗಡೆ ಇನ್ನೊಂದರ ಮೇಲೆ ನನ್ನ ಹಸಿರು ಸೀರೆ, ಅಚ್ಚುಕಟ್ಟಾಗಿ ಮಡಿಸಿ, ಸೆರಗು ಮೇಲೆ ಬರುವ ಹಾಗೆ ಇಟ್ಟಿತ್ತು. ಅದಕ್ಕೆ ಕುಂಕುಮ ಹಚ್ಚಿ, ಒಂದು ಹಳದಿ ಹೂವು ಏರಿಸಿದ್ದರು. ಅವರ ಪಕ್ಕ ಬೇರೆ ಯಾರೂ ಕೂತಿರಲಿಲ್ಲ.

"ಅಮ್ಮನವರು ಬರೋಕಾಗಲಿಲ್ಲ ಅಂದ್ರೆ ಅವರ ಸೀರೆ ಇಡಬಹುದು, ದೋಷವಿಲ್ಲ" ಎಂದು ಫೋನಿನಲ್ಲಿ ಯಾರೋ ಪುರೋಹಿತರು ಹೇಳುತ್ತಿದ್ದರು. "ಅವರ ಒಪ್ಪಿಗೆ ಇದೆ ತಾನೆ?"

"ಹೂಂ ರೀ" ಎಂದು ನನ್ನ ಗಂಡ ಸೀರೆಯ ಕಡೆ ಕೈ ತೋರಿಸಿದರು. "ಇಲ್ಲೇ ಕೂತಾರಲ್ರೀ. ಏನೂ ಬ್ಯಾಡ ಅಂದಿಲ್ಲ."

ಸುತ್ತ ನಿಂತಿದ್ದ ಗುಂಪಿನವರು ನಕ್ಕರು. ಅವರೂ ನಕ್ಕರು. ಸೀರೆಯ ಮೇಲೆ ಅಕ್ಷತೆ ಹಾಕಿದರು. ಒಲೆಯ ಮೇಲೆ ಹಾಲು ಉಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಷ್ಟು ಪ್ರೀತಿ ನೋಡಿ ಆಂಟಿ" ಎಂದಳು ಶ್ರೀಜಾ. "ನಂಗೆ ಹೀಗೆ ಮಾಡುವವರು ಒಬ್ಬರೂ ಸಿಗ್ಲಿಲ್ಲ."

ಪಾಪದ ಹುಡುಗಿ. ಅವಳು ಕೊಟ್ಟ ಕಾಫಿ ಕುಡಿದೆ. ಬಾಗಿಲಲ್ಲಿ ಅವಳ ಕೆನ್ನೆ ಸವರಿ ಬಂದೆ. ಕಾರಿನಲ್ಲಿ ಕೂತ ಮೇಲೆ ಅಳು ಬಂತು. ಬೇರೆ ಹೆಂಗಸಿಲ್ಲ ಎಂಬ ಸಮಾಧಾನದ ಅಳು ಇರಬೇಕೆಂದು ಮೊದಲು ಅಂದುಕೊಂಡೆ. ಅಲ್ಲ. ಬೇರೆ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ನನ್ನದೇ ಸೀರೆಯ ಜೊತೆ ಹೇಗೆ ಜಗಳವಾಡಲಿ? ಒಂದು ಕಾಲದಲ್ಲಿ ಆ ಮನುಷ್ಯ ನಾನು ಬರುವವರೆಗೂ ಹಾಲು ಉಕ್ಕದಂತೆ ಕಾದಿದ್ದರು.

ಮನೆಗೆ ಬಂದಾಗ ಅವರು ಮುಂದಿನ ಹುಲ್ಲಿಗೆ ನೀರು ಬಿಡುತ್ತಿದ್ದರು. ಪೈಪು ಕೆಳಗಿಟ್ಟು ಒಳಗೆ ಬಂದರು.

"ಟ್ರೈನಿಂಗ್ ಹೆಂಗಾತು?"

"ನನ್ನ ಹಸಿರು ಸೀರೆ ಎಲ್ಲಿ?"

ಅವರು ಕುರ್ಚಿ ಎಳೆದುಕೊಂಡು ಕೂತರು. "ಶ್ರೀಜಾ ಹೇಳಿದ್ಲೇನು? ಅಲ್ಲೇ ಅದ, ಕಪಾಟಿನ್ಯಾಗ. ನೀ ಬಂದಾಗ ಉಡಲಿಕ್ಕ ಇರಲಿ ಅಂತ ಇಟ್ಟೇನಿ." ಸ್ವಲ್ಪ ಹತ್ತಿರ ಬಾಗಿದರು. "ಹೆಂಗರ ತಿಳಕೋ ಕುಮುದಾ, ನಿನ್ನ ಬಿಟ್ಟು ಹೊಸಿಲು ದಾಟಲಿಕ್ಕೆ ನನಗ ಮನಸ್ಸ ಬರಲಿಲ್ಲ. ದೇವರಾಣೆ."

ಅದು ನಿಜವೆಂದು ನನಗೆ ಗೊತ್ತು. ಇದೊಂದರಲ್ಲಿ ಅವರ ಮೇಲೆ ನನಗೆ ಸಂಶಯವಿಲ್ಲ, ಅದೇ ಕಷ್ಟ.

"ಏಪ್ರಿಲಲ್ಲಿ ನಾನು ಬೇಡ ಅಂದಿದ್ದು ನಿಮಗೆ ಕೇಳಿಸಿತ್ತಾ?"

"ಕೇಳಿಸಿತ್ತು."

"ಅದಕ್ಕೇ ನನ್ನ ಬಿಟ್ಟು ಸೀರೆ ಕರ್ಕೊಂಡು ಹೋದ್ರಿ."

ಅವರು ತಲೆ ತಗ್ಗಿಸಿದರು. ಹೊರಗೆ ಪೈಪಿನ ನೀರು ಸುಮ್ಮನೆ ಹರಿದು ರಸ್ತೆಗೆ ಹೋಗುತ್ತಿತ್ತು. "ಒಮ್ಮೆ ಬಂದು ನೋಡು. ಜನವರಿಗೆ ಇಬ್ಬರೂ ಹೋಗೋಣ. ನಿನಗ ಸೇರಲಿಲ್ಲಂದ್ರ ಆಮ್ಯಾಲೆ ವಿಚಾರ ಮಾಡೋಣಂತ."

"ನೀವು ಹೋಗಿ. ಅಲ್ಲೇ ಇರಿ, ನಾನು ತಡೆಯಲ್ಲ. ನಿಮ್ಮ ಹೆಂಡತಿ ಆಗಲೇ ಆ ಮನೆ ಸೇರಿದ್ದಾಳೆ. ಎದುರು ಮಾತಾಡಲ್ಲ, ಚೆನ್ನಾಗಿ ನೋಡ್ಕೊಳ್ಳಿ. ನಾಳೆ ಬೆಳಿಗ್ಗೆ ನಾನು ಫಾರ್ಮಸಿ ಬಾಗಿಲು ತೆಗೀಬೇಕು."

"ಕುಮುದಾ…" ಎಂದರು. ನಾನು ತಿರುಗಿ ನೋಡಲಿಲ್ಲ. ಒಲೆ ಹಚ್ಚಿ, ಒಬ್ಬರಿಗೆ ಆಗುವಷ್ಟು ಹಾಲು ಇಟ್ಟೆ. ಪಕ್ಕದಲ್ಲೇ ನಿಂತು ನೋಡುತ್ತಿದ್ದು, ಅದು ಉಕ್ಕುವ ಮೊದಲೇ ಒಲೆ ಆರಿಸಿದೆ.