ಹುಳು ತಿಂದ ಗುಡಿಸು

ಎಲ್ಲವೂ ನಿಜ, ಒಂದಕ್ಷರವೂ ಸುಳ್ಳಲ್ಲ, ಬೇಕಿದ್ದರೆ ಈ ಮೈಕಿನ ಮೇಲೆ ಆಣೆ — ಹೀಗೇ ಶುರುಮಾಡಬೇಕು, ಅಲ್ಲ, ಬೇಡ, ಆಣೆಯಿಂದ ಶುರುಮಾಡುವವರನ್ನು ಯಾರು ನಂಬುತ್ತಾರೆ, ಮೈಕು ಮತ್ತೆ ಕುಂಯ್ ಎಂದಿತು, ವೇದಿಕೆಯ ಮೇಲೆ ನಿರ್ದೇಶಕರು ಹಟಮಾರಿ ಮಗುವಿನ ತಲೆ ತಟ್ಟುವ ಹಾಗೆ ಅದನ್ನು ತಟ್ಟಿದರು, ಸುಮ್ಮನಾಯಿತು, ಅವರು ತಟ್ಟಿದರೆ ಎಲ್ಲವೂ ಸುಮ್ಮನಾಗುತ್ತದೆ, ಅವಳು ಆಗಿರಲಿಲ್ಲವೇ. ಕೊನೆಯ ಸಾಲಿನಲ್ಲಿ ನೀಲಿ ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತಿದ್ದಾಳೆ ಅವಳು, ತೊಡೆಯ ಮೇಲೆ ಚೀಲ, ಚೀಲದಲ್ಲಿ ಹಳೆಯ ಹಾಳೆಯೊಂದರ ಫೋಟೋ, ಫೋಟೋದಲ್ಲಿ ಒಂದು ತೂತು, ಮುಂದಿನ ಸಾಲಿನಲ್ಲಿ ತಪಾಸಣಾ ಸಮಿತಿಯ ಅಧ್ಯಕ್ಷರ ಬೋಳುತಲೆ ಆಗಾಗ ಮುಂದಕ್ಕೆ ವಾಲಿ ತಟ್ಟನೆ ನೆಟ್ಟಗಾಗುತ್ತಿದೆ, ನಿರ್ದೇಶಕರು ಅದನ್ನು ಒಪ್ಪಿಗೆ ಎಂದು ತಿಳಿದು ಹಿಗ್ಗುತ್ತಿದ್ದಾರೆ. ಆ ತಲೆ ಇವತ್ತು ಹೂಂ ಎಂದರೆ ಕೇಂದ್ರ ಉಳಿಯಿತು, ಊಹೂಂ ಎಂದರೆ ಬೀಗ, ಅವಳಿಗೆ ಬೇಕಾದದ್ದು ಹೂಂ ಅಲ್ಲ, ಊಹೂಂ ಅಲ್ಲ, ಆ ಬಾಯಿಂದ ಒಂದೇ ಒಂದು ಪದ, ಅಳಿಲು, ಅದನ್ನು ಹಾಗೇ ಸಂಜೆ ಮನೆಗೆ ಒಯ್ದು ತಂಗಿಯ ಮುಂದೆ ಇಡಬೇಕು, ನೋಡೇ, ದೊಡ್ಡವರೇ ಹೇಳಿದ್ದಾರೆ, ಇನ್ನಾದರೂ ಬಾಗಿಲಲ್ಲಿಟ್ಟ ಆ ಕುರ್ಚಿ ತೆಗಿ, ಎದ್ದು ಹೊರಗೆ ಬಾ.

ಎಲ್ಲ ಆ ಹುಳುವಿನ ಕೆಲಸ, ಯಾವ ಕಾಲದ ಹುಳುವೋ, ಹೊಟ್ಟೆ ತುಂಬ ಇನ್ನೆಲ್ಲೂ ತಿನ್ನಲು ಸಿಗದ ಹಾಗೆ ಬಂದು ಬಂದು ಆ ಹಾಳೆಯನ್ನೇ, ಆ ಸಾಲನ್ನೇ, ಆ ಅಕ್ಷರದ ನೆತ್ತಿಯನ್ನೇ ತಿಂದಿತು, ಪುಣ್ಯಾತ್ಮ, ಒಂದು ಅಕ್ಷರ ಆಚೆ ತಿಂದಿದ್ದರೆ ಒಂದು ಇಡೀ ಶಾಸ್ತ್ರವೇ ಹುಟ್ಟುತ್ತಿರಲಿಲ್ಲ. ಮಧ್ಯಕಾಲದ ಯಾರೋ ಮೇಷ್ಟರು ಮಕ್ಕಳಿಗೆ ಬರೆದ ಬುದ್ಧಿಮಾತಿನ ಹಸ್ತಪ್ರತಿ ಅದು, ಉಗುರು ಕಚ್ಚಬೇಡ, ಬಾವಿಗೆ ಉಗುಳಬೇಡ, ಅಜ್ಜಿಯ ಕಥೆಗೆ ನಡುವೆ ಆಕಳಿಸಬೇಡ, ಹಾಗೇ ಒಂದು ಕಡೆ, ಬಾಗಿಲಿಗೆ ಬಂದ ಅಳಿಲನಟ್ಟದಿರು, ಎರಡು ಕಾಳನಿಕ್ಕು, ಬಾಲವ ಹಿಡಿಯದಿರು — ಅಷ್ಟೇ, ಅಳಿಲು, ಮರದ ಮೇಲೆ ಓಡುವ, ಬೆನ್ನ ಮೇಲೆ ಗೆರೆಯಿರುವ, ಚಿಕ್ ಚಿಕ್ ಎನ್ನುವ ಅಳಿಲು, ಆ ಳಿಕಾರದ ತಲೆಯ ಮೇಲಿನ ಇಕಾರದ ಸುರುಳಿಯನ್ನು, ಗುಡಿಸನ್ನು, ಹುಳು ತಿಂದಿತ್ತು, ಉಳಿದದ್ದು ಅಳಲು, ದುಃಖ, ಸಂಕಟ. ಅವಳು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವಳು, ತೂತಿನ ಅಂಚಿನಲ್ಲಿ ಸುರುಳಿಯ ಚೂರು ಇನ್ನೂ ಕೂತಿತ್ತು, ಗುಡಿಸು, ಇಲ್ಲಿ ಗುಡಿಸು, ಎಂದು ಕೂಗಿದಳು, ಜವಾನ ಒಳಗೆ ಬಂದು ಪೊರಕೆ ಹಿಡಿದು ಅಲ್ಲೇ ಗುಡಿಸಿ ಹೋದ. ನಿರ್ದೇಶಕರು ಹಾಳೆ ನೋಡಲಿಲ್ಲ, ಜೆರಾಕ್ಸ್ ನೋಡಿದರು, ಜೆರಾಕ್ಸಿನಲ್ಲಿ ತೂತೂ ಇರಲಿಲ್ಲ ಸುರುಳಿಯೂ ಇರಲಿಲ್ಲ, ಬಾಗಿಲಿಗೆ ಬಂದ ಅಳಲನ್ನು ಅಟ್ಟಬೇಡ, ಆಹಾ, ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಿಜವಾಗಿಯೂ ಅತ್ತರು, ಅದನ್ನು ಮಾತ್ರ ಅವಳು ಅಲ್ಲಗಳೆಯುವುದಿಲ್ಲ. ಹಿಂದಿನ ಕಾಲದಲ್ಲಿ ಅಳಲಿಗೆ ಬೇರೆಯದೇ ಒಂದು ಳಕಾರ ಇತ್ತು, ಈ ಪ್ರತಿ ಬರೆಯುವ ಹೊತ್ತಿಗೆ ಅದು ಸತ್ತುಹೋಗಿತ್ತು, ಬದುಕಿದ್ದರೆ ಇವರ ಆಟ ನಡೆಯುತ್ತಿರಲಿಲ್ಲ, ಸಾಯುವ ಅಕ್ಷರಗಳೂ ಸಮಯ ನೋಡಿಯೇ ಸಾಯುತ್ತವೆ. ಸಾರ್, ಮುಂದಿನ ಸಾಲಲ್ಲಿ ಬಾಲ ಇದೆಯಲ್ಲ ಸಾರ್. ಬಾಲ ಅಂದ್ರೆ ಭೂತಕಾಲ ಕಣಮ್ಮ, ಹಿಂದೆ ಬರೋದು. ಅದು ಮರ ಹತ್ತಿದ್ರೆ ಕರೀಬೇಡ ಅಂತಾನೂ ಇದೆ ಸಾರ್. ಮರ ಅಂದ್ರೆ ನರಮಂಡಲ, ಚಿತ್ರ ನೋಡಿಲ್ವಾ, ಕೊಂಬೆ ಕೊಂಬೆ ಥರಾನೇ ಇರುತ್ತೆ. ಸಾರ್, ಅದು ಬರೀ ಅಳಿಲು ಸಾರ್. ಅವರು ಅವಳನ್ನೇ ಕನಿಕರದಿಂದ ನೋಡಿದರು, ಅಮ್ಮಾ, ತಾಯೀ, ಅಳಿಲಿಗೆ ಯಾರಾದ್ರೂ ಅನುದಾನ ಕೊಡ್ತಾರಾ.

ಅಳಲಿಗೆ ಕೊಟ್ಟರು. ಅನುದಾನ ಬಂತು, ಹೊಸ ಬಣ್ಣ ಬಂತು, ಬೋರ್ಡು ಬಂತು, ಮಧ್ಯಕಾಲೀನ ಸಾಹಿತ್ಯ, ಶಿಕ್ಷಣ, ಆಪ್ತಸಮಾಲೋಚನೆ ಮತ್ತು ಸಮಾಜ ಕಲ್ಯಾಣ ಸಂಶೋಧನಾ ಕೇಂದ್ರ, ಬರೆಯುವವನಿಗೆ ಜಾಗ ಸಾಲದೆ ಮೊದಲ ಪದವನ್ನೂ ಕಲ್ಯಾಣವನ್ನೂ ದಪ್ಪಕ್ಷರದಲ್ಲಿ ಬರೆದು ಉಳಿದದ್ದನ್ನೆಲ್ಲ ಇರುವೆ ಸಾಲಿನ ಹಾಗೆ ತುರುಕಿದ, ದೂರದಿಂದ ನೋಡಿದರೆ ಮಧ್ಯಕಾಲೀನ ಕಲ್ಯಾಣ ಎಂದು ಕಾಣುತ್ತದೆ, ಮಧ್ಯವಯಸ್ಸಿನವರಿಗೆ ಮದುವೆ ಮಾಡಿಸುವ ಜಾಗವೆಂದು ಇಬ್ಬರು ಬಂದು ಕೇಳಿ ಹೋದರು, ಅವರಿಗೂ ಆಪ್ತಸಮಾಲೋಚನೆ ಮಾಡಿ ಕಳಿಸಿದರು. ಮಾಡಿದವನು ನಿರ್ದೇಶಕರ ಅಳಿಯ, ಆ ವಿಭಾಗದ ಮುಖ್ಯಸ್ಥ, ಮದುವೆಗೆ ಮುಂಚೆ ವ್ಯಾಯಾಮಶಾಲೆಯಲ್ಲಿ ಜನರಿಗೆ ಭಾರ ಎತ್ತಿಸುತ್ತಿದ್ದವನು, ಮದುವೆಯಾದ ಮೇಲೆ ಮನಸ್ಸಿನ ಭಾರ ಇಳಿಸುತ್ತಾನೆ, ಎರಡಕ್ಕೂ ಒಂದೇ ದನಿ, ಉಸಿರು ತಗೊಳ್ಳಿ, ಬಿಡಿ, ಇನ್ನೊಂದ್ಸಲ. ಅವನೇ ಪದ್ಧತಿ ಕಟ್ಟಿದ್ದು, ಅಳಲು ಬಾಗಿಲಿಗೆ ಬಂದರೆ ಓಡಿಸಬಾರದು, ಕೂರಿಸಬೇಕು, ಕೂರಿಸಲು ಕುರ್ಚಿ ಬೇಕು, ಸಮಾಜ ಕಲ್ಯಾಣದವರ ಕಡೆಯಿಂದ ಮನೆಗೊಂದು ಕುರ್ಚಿ ಯೋಜನೆ, ನೀಲಿ ಪ್ಲಾಸ್ಟಿಕ್, ಬೆನ್ನಿನ ಮೇಲೆ ಹಿಂದೆ ಮುಂದೆ ದಪ್ಪ ಬಿಳಿಯಕ್ಷರ, ಅಳಲು, ಯಾರ ಮನೆಯಲ್ಲಿ ಸಾವಾಯಿತೋ ಅಲ್ಲಿಗೆ ಆಟೋದಲ್ಲಿ ಒಂದು ಕುರ್ಚಿ ಬರುತ್ತದೆ, ಬಾಗಿಲ ಹತ್ತಿರ ಹಾಕಬೇಕು, ಬೇರೆ ಯಾರೂ ಕೂರಬಾರದು, ದಿನಾ ಅದರ ಮೇಲೆ ಎರಡು ಕಾಳು ಇಡಬೇಕು, ಅಳಲು ತಾನಾಗಿ ಎದ್ದು ಹೋಗುವ ತನಕ ಒಬ್ಬಂಟಿಯಾಗಿ ಬಿಡಬಾರದು. ಉಳಿದ ಕುರ್ಚಿಗಳು ಸಭಾಂಗಣಕ್ಕೆ, ಈಗ ಅವಳು ಕೂತಿರುವುದೂ ಅದರ ಮೇಲೇ, ಬೆನ್ನಿಗೆ ಅಕ್ಷರ ಒತ್ತುತ್ತಿದೆ.

ತಂಗಿಯ ಮನೆಗೂ ಬಂತು. ತಂಗಿಯ ಗಂಡ ಲಿಫ್ಟ್ ರಿಪೇರಿಯವನು, ಊರವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿ ಒಂದು ದಿನ ಊಟಕ್ಕೆ ಕೂತಲ್ಲೇ ತಾನೊಬ್ಬನೇ ಮೇಲೆ ಹೋಗಿಬಿಟ್ಟ, ಬದುಕಿದ್ದಾಗ ಇಂಥ ಮಾತನ್ನು ಅವನೇ ಹೇಳಿಕೊಂಡು ನಗುತ್ತಿದ್ದ, ನಾನು ಸತ್ರೆ ಮೆಟ್ಟಿಲು ಹತ್ತಿಸ್ಬೇಡಿ ಅತ್ತಿಗೆ, ಲಿಫ್ಟಲ್ಲೇ ಕಳ್ಸಿ. ತಂಗಿ ಬಟ್ಟೆ ಹೊಲಿಯುವವಳು, ಬೀದಿಯ ಅರ್ಧ ಹೆಂಗಸರ ಅಳತೆ ಅವಳ ನಾಲಿಗೆಯ ತುದಿಯಲ್ಲಿ, ಯಾರು ದಪ್ಪಗಾದರು ಯಾರು ಸೊರಗಿದರು ಎಂದು ಅವರ ಗಂಡಂದಿರಿಗಿಂತ ಮೊದಲು ಇವಳಿಗೆ ಗೊತ್ತು, ಅಂಥವಳು ಕುರ್ಚಿ ಬಂದ ಮೇಲೆ ಯಂತ್ರಕ್ಕೆ ಬಟ್ಟೆ ಹೊದಿಸಿದಳು, ಕುರ್ಚಿಯ ಎದುರು ಕೂತಳು, ಕೂತೇ ಇದ್ದಾಳೆ, ಅಂಗಡಿಗೆ ಹೋಗುವುದಿಲ್ಲ, ಸ್ನಾನಕ್ಕೆ ಹೋದರೂ ಬಾಗಿಲು ತೆರೆದೇ ಇರುತ್ತದೆ, ಒಬ್ಬಂಟಿಯಾಗಿ ಬಿಡಬಾರದು ಅಂದಿದಾರೆ ಅಕ್ಕಾ, ಅವ್ರು ಓದಿದೋರು. ನಾನೂ ಓದಿದೀನಲ್ಲೇ, ಆ ಹಾಳೆ ನಾನೇ ಓದಿದ್ದು, ಅದು ಅಳಿಲು ಕಣೇ. ತಂಗಿ ಮೂಗು ಮುರಿದಳು, ನೀನು ಚಿಕ್ಕವಳಿದ್ದಾಗಿಂದ ಹಂಗೇ, ಎಲ್ರಿಗೂ ಒಂದು ಕಂಡ್ರೆ ನಿಂಗೊಂದು, ಅಳಿಲಿಗೆ ಯಾರಾದ್ರೂ ಕುರ್ಚಿ ಕೊಡ್ತಾರಾ — ನಿರ್ದೇಶಕರಿಗೂ ತಂಗಿಗೂ ಎಲ್ಲಿಯ ಸಂಬಂಧ, ಇಬ್ಬರ ಬಾಯಲ್ಲೂ ಒಂದೇ ಪ್ರಶ್ನೆ — ಕೊಟ್ಟೋರು ಬಂದು ಹೇಳ್ಲಿ, ತೆಗೀತೀನಿ. ಬೆನ್ನಿನ ಮೂಳೆಗಳು ಕುಪ್ಪಸದ ಮೇಲಿಂದ ಕಾಣುತ್ತವೆ, ತಾನೇ ಹೊಲಿದ ಕುಪ್ಪಸ, ಅದರೊಳಗೆ ಈಗ ಇನ್ನೊಬ್ಬಳು ಹಿಡಿಯುತ್ತಾಳೆ, ತನ್ನ ಅಳತೆಯೊಂದನ್ನು ಮಾತ್ರ ತಂಗಿ ಮರೆತಿದ್ದಾಳೆ. ಮತ್ತೆ ನಿನ್ನೆ, ನಿನ್ನೆ ಅವಳೇ ಕಣ್ಣಾರೆ ಕಂಡದ್ದು, ಹೇಳಿದರೆ ಕಥೆ ಕಟ್ಟುತ್ತಾಳೆ ಅನ್ನುತ್ತಾರೆ, ಕಾಂಪೌಂಡಿನಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಕುರ್ಚಿಗೆ ಜಿಗಿದು ಬಂತು ಒಂದು ಅಳಿಲು, ಪುಟ್ಟದು, ಎರಡು ಕೈಯಲ್ಲಿ ಕಾಳು ಹಿಡಿದು ತಂಗಿಯನ್ನೇ ನೋಡುತ್ತ ಕೂತಿತು, ಎಷ್ಟೋ ತಲೆಮಾರಿನ ಹಿಂದೆ ಮೇಷ್ಟರು ಕರೆದದ್ದಕ್ಕೆ ಈಗ ಬಿಡುವಾಯಿತು ಎನ್ನುವ ಹಾಗೆ, ತಂಗಿ ಕೈಗೆ ಸಿಕ್ಕ ದಾರದ ಉಂಡೆ ಎತ್ತಿ ಎಸೆದಳು, ಹೋಗೇ, ಹಾಳಾದ್ದೇ, ಅದು ಅಳಲಿಗೆ ಇಟ್ಟಿದ್ದು — ಓಡಿಹೋಯಿತು. ನೋಡುತ್ತಿದ್ದ ಅವಳಿಗೆ ನಗು ಬಂತು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಿಟ್ಟು ಅತ್ತಳು.

ಚಪ್ಪಾಳೆ. ಅಳಿಯ ಎಲ್ಲರಿಗೂ ಉಸಿರು ಎಳೆಸಿ ಬಿಡಿಸಿ ವೇದಿಕೆಯಿಂದ ಕೆಳಗಿಳಿದ, ಅಧ್ಯಕ್ಷರ ತಲೆ ನೆಟ್ಟಗಾಯಿತು, ಚೆನ್ನಾಗಿದೆ, ಬಹಳ ಚೆನ್ನಾಗಿದೆ, ನಮ್ ಹಿರಿಯರು ಎಂಥಾ ಮಾತು ಹೇಳಿ ಹೋಗಿದಾರೆ ನೋಡಿ, ಯಾರಾದ್ರೂ ಏನಾದ್ರೂ ಹೇಳೋದಿದೆಯಾ, ಕೇಳುತ್ತಲೇ ಅವರ ಕಣ್ಣು ಪಕ್ಕದ ಕೋಣೆಯ ಕಡೆ, ಅಲ್ಲಿಂದ ಪಾತ್ರೆಗಳ ಸದ್ದು, ಬಿಸಿ ಊಟದ ವಾಸನೆ. ಏಳು. ಏಳಬೇಡ. ಎದ್ದರೆ ಕೇಂದ್ರದ ಜೊತೆ ಅವಳ ವಿಭಾಗವೂ ಹೋಗುತ್ತದೆ, ವಿಭಾಗ ಎಂದರೆ ಅವಳೊಬ್ಬಳೇ, ಒಂದು ಮೇಜು, ಒಂದು ಭೂತಗನ್ನಡಿ, ನಿರ್ದೇಶಕರು ಬೆಳಿಗ್ಗೆಯೇ ಕಾರಿಡಾರಿನಲ್ಲಿ ತಡೆದು ಮೆತ್ತಗೆ ಹೇಳಿದ್ದರು, ನೋಡಮ್ಮ, ನಮ್ಮ ಅಳಲಿಂದಾನೇ ನಿಮ್ಮ ಹಳೇ ಹಾಳೆಗಳಿಗೂ ಅನ್ನ ಬೀಳ್ತಿರೋದು, ನೆನಪಿರ್ಲಿ. ನೆನಪಿದೆ. ಅಧ್ಯಕ್ಷರ ಕೈ ಕುರ್ಚಿಯ ತೋಳಿನ ಮೇಲೆ ಊರಿತು, ಏಳುತ್ತಿದ್ದಾರೆ, ಹೊರಟೇಹೋಗುತ್ತಾರೆ, ಸಂಜೆ ಮನೆಗೆ ಬರಿಗೈಯಲ್ಲಿ, ತಂಗಿ ಕುರ್ಚಿಯಿಂದ ಕಣ್ಣು ಕೀಳದೆ ಕೇಳುತ್ತಾಳೆ, ಏನಂದ್ರು ಅಕ್ಕಾ — ಅವಳು ಎದ್ದಳು, ಯಾವಾಗ ಎದ್ದಳೋ ಅವಳಿಗೇ ತಿಳಿಯಲಿಲ್ಲ, ಚೀಲ ಜಾರಿ ಬಿತ್ತು, ಫೋಟೋ ತೆಗೆಯಲು ಬಗ್ಗಿದರೆ ಇವರು ಹೊರಟುಹೋಗುತ್ತಾರೆ, ಬಗ್ಗಲಿಲ್ಲ. ಸಾರ್, ಒಂದು ನಿಮಿಷ ಸಾರ್, ಆ ಹಾಳೆ ಓದಿದವಳು ನಾನು, ಇಷ್ಟು ಹೊತ್ತು ಇಲ್ಲಿ ಹೇಳಿದ್ದೆಲ್ಲ ತಪ್ಪು, ಈ ಕೇಂದ್ರ ಪೂರ್ತಿ ನಿಂತಿರೋದು ಅಳಲಿನ ಮೇಲಲ್ಲ ಸಾರ್, ಅದು ಅಳಿ —

ಅಳಿಯನ ವಿಷ್ಯ ಇಲ್ಯಾಕಮ್ಮಾ, ನಿರ್ದೇಶಕರು ಕೂಗಿಯೇ ಬಿಟ್ಟರು, ಮೈಕು ಕಿರುಚಿತು, ಈ ಸಲ ತಟ್ಟಲು ಅವರಿಗೆ ಕೈಯೇ ಬರಲಿಲ್ಲ, ಮುಖ ಸುಣ್ಣದ ಗೋಡೆ, ಸಾರ್, ಅಳಿಯನ ನೇಮಕ ನಿಯಮದ ಪ್ರಕಾರನೇ ಆಗಿರೋದು ಸಾರ್, ಸಂದರ್ಶನ ಮಾಡಿದೀವಿ, ನಾನೇ ಮಾಡಿದೀನಿ, ಬೇಕಾದ್ರೆ ಅವನನ್ನೇ ಕೇಳಿ — ಅಳಿಯ ಎದ್ದು ನಿಂತು ಉಸಿರು ತೆಗೆದುಕೊಂಡ, ಬಿಡುವುದನ್ನು ಮರೆತ — ಅಲ್ಲ ಸಾರ್, ಅಳಿಯ ಅಲ್ಲ, ನಾನು ಹೇಳ್ತಿರೋದು ಅಳಿ — ಗೊತ್ತಾಯ್ತಮ್ಮ ಗೊತ್ತಾಯ್ತು, ಅಧ್ಯಕ್ಷರು ನಗುತ್ತ ಎದ್ದರು, ಅಳಿಯಂದ್ರು ಯಾರ ಮನೇಲಿಲ್ಲ, ನಮ್ಮನೇಲೂ ಇದಾರೆ ಇಬ್ರು, ನಡೀರಿ, ಊಟ ಆರಿಹೋಗುತ್ತೆ — ಸಾರ್, ತಲೆಯ ಮೇಲಿನ ಗುಡಿಸು ಹುಳು ತಿಂದು — ತಲೇಲಿ ಹುಳು ಎಲ್ರಿಗೂ ಇರುತ್ತಮ್ಮ, ಬೆನ್ನು, ಬೋಳುತಲೆ, ಬಾಗಿಲು, ಹಿಂದೆ ನಿರ್ದೇಶಕರು, ಅವರ ಹಿಂದೆ ಅಳಿಯ, ಅವರ ಹಿಂದೆ ಎಲ್ಲರೂ, ಚಪ್ಪಲಿಯ ಸದ್ದು ಪಾತ್ರೆಯ ಸದ್ದಿನೊಳಗೆ ಸೇರಿಹೋಯಿತು. ನಡಾವಳಿ ಬರೆದುಕೊಳ್ಳುತ್ತಿದ್ದ ಗುಮಾಸ್ತನೊಬ್ಬ ಉಳಿದಿದ್ದ, ಪಾಪ, ಅವನಿಗೂ ಹಸಿವು, ಮೇಡಂ, ಮಧ್ಯಕಾಲೀನ ಸಾಹಿತ್ಯ ವಿಭಾಗ ಅಂತ ಬರ್ದು ಮುಂದೆ ಏನ್ ಬರೀಲಿ, ನಂಗೆ ಅಳಿ ಅಂತ ಅಷ್ಟೇ ಕೇಳಿಸ್ತು. ಬರ್ಕೊಳಪ್ಪ, ಅಷ್ಟೇ ಬರ್ಕೊ. ಅವನು ಬರೆದುಕೊಂಡ, ಓಡಿದ. ಹಳೆಯ ಕಾವ್ಯಗಳಲ್ಲಿ ಅಳಿ ಎಂದರೆ ದುಂಬಿ, ಕಚೇರಿಯ ಕಡತದಲ್ಲಿ ನಾಶವಾಗು, ಓದುವವರು ಹೇಗೆ ಬೇಕೋ ಹಾಗೆ ಓದಿಕೊಳ್ಳಲಿ, ಓದಿಯೇ ತಾನೇ ಇಷ್ಟೆಲ್ಲ ಆದದ್ದು.

ಖಾಲಿ ಸಭಾಂಗಣ, ಫ್ಯಾನು, ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಎದ್ದುಹೋದ ಕುರ್ಚಿ, ಬೆನ್ನ ಮೇಲೆ ಅಳಲು, ಅದರ ಪಕ್ಕದ್ದರಲ್ಲೂ ಅಳಲು, ಸಾಲು ಸಾಲು ಅಳಲು, ಅವಳ ಬಾಯಿ ಇನ್ನೂ ತೆರೆದೇ ಇದೆ, ಉಳಿದ ಅರ್ಧ ಪದ ಯಾರಿಗೆ ಹೇಳುವುದು, ಕುರ್ಚಿಗಳಿಗೆ ಹೇಳಬಹುದು, ಅವು ಎದ್ದುಹೋಗುವುದಿಲ್ಲ, ಸಂಜೆ ತಂಗಿಗೆ ಏನು ಹೇಳುವುದು, ದೊಡ್ಡವರು ಊಟಕ್ಕೆ ಹೋದರು ಎಂದೇ, ತಂಗಿ ತಲೆಯಾಡಿಸುತ್ತಾಳೆ, ನೋಡು ನಾನು ಹೇಳ್ಲಿಲ್ವಾ, ಮತ್ತೆ ಕುರ್ಚಿಯ ಕಡೆ ತಿರುಗುತ್ತಾಳೆ, ಆ ಕುರ್ಚಿ, ನಿನ್ನೆಯ ಬಿಸಿಲು, ಹೊಸ್ತಿಲು, ಎರಡು ಕಾಳು, ಎರಡು ಕೈಯಲ್ಲಿ ಕಾಳು ಹಿಡಿದ ಅಳಿಲು, ದಾರದ ಉಂಡೆ ತಂಗಿಯ ಕೈಬಿಟ್ಟಿದೆ, ಇನ್ನೂ ತಗಲಿಲ್ಲ, ದಾರ ಬಿಚ್ಚಿಕೊಳ್ಳುತ್ತ ಗಾಳಿಯಲ್ಲಿದೆ, ಅಳಿಲು ಕುರ್ಚಿಯ ಬೆನ್ನಿಗೆ ಒರಗಿ ಕೂತಿದೆ, ಬಾಲ ಮೇಲೆದ್ದಿದೆ, ಬಿಳಿಯಕ್ಷರಗಳ ಮೇಲೆ, ನಡುವಿನ ಅಕ್ಷರದ ಮೇಲೆ, ಳಕಾರದ ನೆತ್ತಿಯ ಮೇಲೆ ಸರಿಯಾಗಿ ಸುರುಳಿ — ನಿನ್ನೆ ಯಾಕೆ ಕಾಣಲಿಲ್ಲ, ಭೂತಗನ್ನಡಿಯವಳಿಗೆ ಯಾಕೆ ಕಾಣಲಿಲ್ಲ — ಗುಡಿಸು, ಅಗೋ ಗುಡಿಸು, ಹುಳು ತಿಂದದ್ದು ಬಾಲವಾಗಿ ಬಂದು ಕೂತಿದೆ, ಓಡಬೇಡ, ಒಂದೇ ಒಂದು ಗಳಿಗೆ ಓಡಬೇಡ, ಬಾಲ ಅಲ್ಲಾಡಿಸಬೇಡ, ತಂಗಿಯೂ ಅಕ್ಷರ ಬಲ್ಲವಳೇ, ಓದಿಕೊಳ್ಳಲಿ, ಓಡಬೇಡ, ಕೂಡಿಸಿಕೊಂಡು ಓದುತ್ತಾಳೆ, ಅ, ಳಿ —