ಪೂರ್ಣವಿರಾಮ ಹಾಕಿದವರು

ಕಾದಂಬರಿಗಳನ್ನು ಗಟ್ಟಿಯಾಗಿ ಓದುವುದೇ ಅವಳ ಕಸುಬು. ನಾಲ್ಕೂ ಗೋಡೆಗೆ ಸ್ಪಂಜು ಹೊದಿಸಿದ, ಕೈಚಾಚಿದರೆ ಎರಡೂ ಬದಿ ತಾಗುವಷ್ಟು ಚಿಕ್ಕ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಬೆಳಗಿನಿಂದ ಸಂಜೆಯವರೆಗೆ ಓದುತ್ತಿದ್ದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು, ನಿದ್ದೆ ಬಾರದವರು ಆ ಓದನ್ನು ಫೋನಿನಲ್ಲಿ ಕೇಳುತ್ತಿದ್ದರು. ಸ್ಟುಡಿಯೊದಲ್ಲಿ ಎಲ್ಲರಿಗೂ ಅವಳು ದನಿಯಕ್ಕ. ಗಾಜಿನ ಆಚೆ ಕೂತು ಧ್ವನಿಮುದ್ರಣ ಮಾಡುವವನು ಸೂಜಿ ಬಿದ್ದರೂ ಹಿಡಿಯುವ ಆಸಾಮಿಯಾದ್ದರಿಂದ ಅವನಿಗೆ ಕಿವಿರಾಯ ಎಂಬ ಬಿರುದು ಅಂಟಿಕೊಂಡಿತ್ತು.

ಆ ವರ್ಷ ಸಂಸ್ಥೆಯ ಮ್ಯಾನೇಜರ್ ಹೊಸದೊಂದು ಯೋಜನೆ ತಂದ. ಐವತ್ತರ ದಶಕದಿಂದ ಎಂಬತ್ತರವರೆಗೆ, ಪ್ರತಿ ದಶಕದಲ್ಲೂ ಜನ ಮುಗಿಬಿದ್ದು ಓದಿದ ಒಂದೊಂದು ಕಾದಂಬರಿಯನ್ನು ಆರಿಸಿ ಓದಿಸುವುದು. ಪುಸ್ತಕಗಳು ಬಂದವು. ಬೆನ್ನು ಬಿರಿದವು, ಮುಖಪುಟವಿಲ್ಲದವು, ಅಂಚಿಗೆ ಯಾರದೋ ಕಾಫಿ ಕುಡಿದವು. ದನಿಯಕ್ಕ ಅವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಒಯ್ದದ್ದೇ ತಡ, ಅತ್ತೆ ಕನ್ನಡಕ ಏರಿಸಿ ಒಂದೊಂದನ್ನೇ ಮಡಿಲಿಗೆ ಎಳೆದುಕೊಂಡರು.

"ಅಯ್ಯೋ, ಇದಾ! ಇದನ್ನ ಓದೋವಾಗ ಪಕ್ಕದಲ್ಲಿ ಕರ್ಚೀಫು ಇಟ್ಕೋ. ಐವತ್ತರ ಕಾಲದಲ್ಲಿ ನಾಯಕಿ ಕೆಮ್ಮಿದ್ಲು ಅಂದ್ರೆ ಅವಳ ಕಥೆ ಮುಗೀತು ಅಂತ ಲೆಕ್ಕ. ಆದ್ರೆ ಸಾಯೋಕೆ ಅರ್ಧ ಪುಸ್ತಕ ತಗೋತಿದ್ಲು."

"ಈ ಅರವತ್ತರದ್ದು?"

"ಇದರಲ್ಲಿ ಸಾಯಲ್ಲ. ಸಹಿಸ್ಕೋತಾಳೆ. ಅದಕ್ಕಿಂತ ಸಾಯೋದೇ ವಾಸಿ."

ಎಪ್ಪತ್ತರದ್ದು ವಿಮಾನ ಹಾರಿಸುವವನೂ ನರ್ಸೂ ಪ್ರೀತಿಸುವ ಕಥೆ. ಅದನ್ನು ನೋಡಿದ್ದೇ ಅತ್ತೆಯ ಮುಖ ಕೆಂಪೇರಿತು. "ಇದನ್ನ ಗಣಿತದ ಪುಸ್ತಕದೊಳಗೆ ಇಟ್ಕೊಂಡು ಓದಿದ್ದೆ" ಎಂದಷ್ಟೇ ಹೇಳಿ ಬೇರೆಯದಕ್ಕೆ ಕೈಹಾಕಿದರು. ಎಂಬತ್ತರದ್ದು ಪತ್ತೇದಾರಿ: ಮೀನಿನ ಶೀತಲಗೃಹದಲ್ಲಿ ಹೆಪ್ಪುಗಟ್ಟಿದ ಒಂದು ಹೆಣ, ಸುತ್ತ ಏಳೆಂಟು ಮಂದಿ ಸಭ್ಯಸ್ಥರು.

ಓದು ಶುರುವಾಯಿತು. ಐವತ್ತರ ಕಾದಂಬರಿ ದನಿಯಕ್ಕನ ಜೀವ ಹಿಂಡಿತು. ಒಂದೊಂದು ವಾಕ್ಯವೂ ಗೂಡ್ಸ್ ರೈಲು, ಡಬ್ಬಿಯ ಹಿಂದೆ ಡಬ್ಬಿ, ಗಾರ್ಡಿನ ಡಬ್ಬಿ ಕಾಣುವುದೇ ಇಲ್ಲ. ಅವಳು ಮಧ್ಯೆ ಗುಟುಕು ಗುಟುಕಾಗಿ ಉಸಿರೆಳೆದುಕೊಂಡರೆ ಕಿವಿರಾಯ ಗಾಜಿನಾಚೆ ತಲೆ ಚಚ್ಚಿಕೊಳ್ಳುತ್ತಿದ್ದ. ಅರವತ್ತರದ್ದರಲ್ಲೂ ಅದೇ ಪಾಡು. ಆದರೆ ಎಪ್ಪತ್ತರ ಪುಸ್ತಕ ಹಿಡಿದ ದಿನ ಊಟದ ಹೊತ್ತಾದರೂ ಒಮ್ಮೆಯೂ ನಿಲ್ಲಿಸಬೇಕಾಗಿ ಬರಲಿಲ್ಲ.

"ಏನಕ್ಕ, ಹೊಸಾ ಶ್ವಾಸಕೋಶ ಹಾಕಿಸ್ಕೊಂಡ್ರಾ?" ಎಂದ ಕಿವಿರಾಯ.

"ಗೊತ್ತಿಲ್ಲ ಕಣೋ. ಉಸಿರು ಮುಗಿಯೋ ಹೊತ್ತಿಗೆ ಸರಿಯಾಗಿ ಚುಕ್ಕಿ ಬರತ್ತೆ."

ಲೇಖಕಿಯ ಕೈಗುಣ ಎಂದುಕೊಂಡು ಅವಳು ಸುಮ್ಮನಾದಳು. ಆದರೆ ಎಂಬತ್ತರ ಪತ್ತೇದಾರಿಯ ಮೊದಲ ಪುಟ ಓದುತ್ತಿದ್ದಂತೆಯೇ ಅವಳ ಕಿವಿ ನಿಮಿರಿತು. ಇದನ್ನು ಬರೆದವರು ಬೇರೆ, ಗಂಡಸು. ಕಥೆ ಬೇರೆ, ಪದಗಳೂ ಬೇರೆ. ಹಾಗಿದ್ದೂ ಕತ್ತಲಲ್ಲಿ ತನ್ನದೇ ಮನೆಯ ಮೆಟ್ಟಿಲಿಳಿದ ಹಾಗೆ, ಕಾಲಿಟ್ಟಲ್ಲಿ ಮೆಟ್ಟಿಲು ಇದ್ದೇ ಇತ್ತು. ಎರಡು ಚಿಕ್ಕ ವಾಕ್ಯ, ಆಮೇಲೆ ಒಂದು ಚೂರು ಉದ್ದನೆಯದು, ಮತ್ತೆ ಚಿಕ್ಕದು. ಅದೇ ನಡಿಗೆ.

ಕಿವಿರಾಯನಿಗೆ ಹೇಳಿದಳು. ಅವನು ನಗಲಿಲ್ಲ. ಎರಡೂ ಓದಿನ ಧ್ವನಿಯ ಗೆರೆಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ತೋರಿಸಿದ. ಉಬ್ಬು, ತಗ್ಗು, ನಡುವಿನ ಖಾಲಿ ಜಾಗ ಎಲ್ಲ ಅಕ್ಕತಂಗಿಯರ ಮೂಗಿನ ಹಾಗೆ ಹೋಲುತ್ತಿದ್ದವು. ಅಲ್ಲಿಗೆ ದನಿಯಕ್ಕನ ತಲೆಗೆ ಹುಳ ಹೊಕ್ಕಿತು.

ಅತ್ತೆಯ ಬಳಿ ಅದಕ್ಕೆ ಉತ್ತರ ತಯಾರಾಗಿತ್ತು. "ಅವರಿಬ್ಬರಿಗೂ ಏನೋ ಇತ್ತು ಬಿಡು. ಅವಳ ಪುಸ್ತಕ ಇವನು ಬರೆದುಕೊಟ್ಟಿರ್ತಾನೆ, ಇಲ್ಲಾ ಇವನದ್ದು ಅವಳು."

ಲೇಖಕಿ ತೀರಿಕೊಂಡು ಬಹಳ ಕಾಲವಾಗಿತ್ತು. ಪತ್ತೇದಾರಿ ಬರೆದವರು ಮಾತ್ರ ಇನ್ನೂ ಇದ್ದರು. ಒಪ್ಪಂದಕ್ಕೆ ಸಹಿ ಹಾಕಿದವರು ಅವರೇ ಆದ್ದರಿಂದ ಮ್ಯಾನೇಜರ್ ಹತ್ತಿರ ಅವರ ನಂಬರ್ ಇತ್ತು. ದನಿಯಕ್ಕ ಫೋನು ಮಾಡಿದಳು. "ಬನ್ನಿ ಬನ್ನಿ, ನನ್ನನ್ನ ಇನ್ನೂ ಯಾರಾದ್ರೂ ವಿಚಾರಿಸ್ತಾರೆ ಅನ್ನೋದೇ ದೊಡ್ಡ ನಿಗೂಢ" ಎಂದಿತು ಒಣಗಿದ ದನಿ. ತಾನೂ ಬರುತ್ತೇನೆಂದು ಅತ್ತೆ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತೇಬಿಟ್ಟರು.

ಮೂರನೇ ಮಹಡಿಯ ಆ ಮನೆಯ ಬಾಲ್ಕನಿಯಲ್ಲಿ ಉದ್ದನೆಯ ಮುದುಕರೊಬ್ಬರು ಗಿಡಗಳಿಗೆ ನೀರು ಹಾಕುತ್ತಿದ್ದರು. ಒಂದು ಕಾಲಕ್ಕೆ ವಿಮಾ ಕಂಪನಿಯ ಪರವಾಗಿ ಸುಟ್ಟ ಗೋದಾಮುಗಳನ್ನು ಪರಿಶೀಲಿಸುತ್ತಿದ್ದವರಂತೆ. ಕೊಲೆಗಾರರು ಹೇಗೆ ಸುಳ್ಳು ಹೇಳುತ್ತಾರೆಂಬುದನ್ನು ಅಲ್ಲೇ ಕಲಿತೆ ಎಂದರು. ದನಿಯಕ್ಕ ಹೇಗೆ ಶುರುಮಾಡಲಿ ಎಂದು ಯೋಚಿಸುತ್ತಿರುವಾಗಲೇ ಅತ್ತೆ ಸೀದಾ ವಿಷಯಕ್ಕೆ ಬಂದರು.

"ಆ ವಿಮಾನದ ಕಾದಂಬರಿ ಬರೆದಾಕೆಗೂ ನಿಮಗೂ ಏನು ಸಂಬಂಧ?"

ಮುದುಕರು ನೀರಿನ ಡಬ್ಬ ಕೆಳಗಿಟ್ಟು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. "ಅವರಿಗೂ ನನಗೂ ಎಣ್ಣೆ ಸೀಗೇಕಾಯಿ, ತಾಯಿ! ನನ್ನ ಪುಸ್ತಕಗಳನ್ನ ರೈಲ್ವೆ ಪ್ಲಾಟ್‌ಫಾರ್ಮಿನ ಕಸ ಅಂತ ಸಭೆಯಲ್ಲೇ ಹೇಳಿದ್ರು. ನಾನೂ ಸುಮ್ನಿರಲಿಲ್ಲ ಅನ್ನಿ."

ದನಿಯಕ್ಕ ಉಸಿರಿನ ವಿಷಯ ಹೇಳಿದಳು. ಎರಡೂ ಪುಸ್ತಕದಿಂದ ಒಂದೊಂದು ಪುಟ ಓದಿಯೂ ತೋರಿಸಿದಳು. ಅವರು ಕಣ್ಣು ಮುಚ್ಚಿ ಕೇಳಿದರು.

"ಓಹೋ" ಎಂದರು ಕೊನೆಗೆ. "ಅದು ನನ್ನದೂ ಅಲ್ಲ, ಅವರದೂ ಅಲ್ಲ. ನಾನು ಬರೀತಿದ್ದ ಕಾಲಕ್ಕೆ ಚುಕ್ಕಿ ಅನ್ನೋ ಪದಾರ್ಥವೇ ನನಗೆ ಗೊತ್ತಿರಲಿಲ್ಲ. ಒಂದು ಅಧ್ಯಾಯ ಅಂದ್ರೆ ಒಂದು ವಾಕ್ಯ. ಅದನ್ನೆಲ್ಲ ಕತ್ತರಿಸಿ ಚುಕ್ಕಿ ಹಾಕ್ತಿದ್ದದ್ದು ನನ್ನ ಟೈಪಿಸ್ಟು. ಆಕೆ ಆ ಲೇಖಕಿಗೂ ಟೈಪ್ ಮಾಡ್ತಿದ್ಲು."

"ನಿಮಗೆ ಸಿಟ್ಟು ಬರಲಿಲ್ವಾ?"

"ಬಂತು. ಜಗಳ ಮಾಡೋಣ ಅಂತ ಒಂದು ಸಲ ಹೊರಟೂ ಬಿಟ್ಟಿದ್ದೆ. ಅಷ್ಟರಲ್ಲಿ ಪ್ರಕಾಶಕರು ಬಂದು, ಪುಸ್ತಕ ಎರಡನೇ ಸಲ ಅಚ್ಚಾಗ್ತಿದೆ ಅಂದ್ರು. ನಾನು ಚಪ್ಪಲಿ ಬಿಚ್ಚಿ ಒಳಗೆ ಬಂದೆ." ಮುದುಕರು ಮೀಸೆಯಲ್ಲೇ ನಕ್ಕರು. "ಚುಕ್ಕಿ ಹೋಗ್ಲಿ. ಆಕೆಯ ಇನ್ನೊಂದು ಕಾಟ ಇತ್ತು. ಅರ್ಧ ಪುಸ್ತಕ ಟೈಪ್ ಮಾಡಿ ಕಳಿಸೋವಾಗ ಬಾಯಿಮಾತಲ್ಲಿ ಹೇಳಿ ಕಳಿಸ್ತಿದ್ಲು, ಕೊಲೆಗಾರ ಲೆಕ್ಕದ ಗುಮಾಸ್ತ ತಾನೇ ಅಂತ. ಹೌದು, ಗುಮಾಸ್ತನೇ! ನನ್ನ ಗತಿ ಏನು ಹೇಳಿ. ಕೂತು ಕೊಲೆಗಾರನನ್ನೇ ಬದಲಾಯಿಸ್ತಿದ್ದೆ."

ಆಕೆ ಹಳೇ ಚಿತ್ರಮಂದಿರದ ಹಿಂದಿನ ಗಲ್ಲಿಯಲ್ಲಿ, ಕುರ್ಚಿ ರಿಪೇರಿ ಅಂಗಡಿಯ ಹಿಂಭಾಗದಲ್ಲಿ ಇದ್ದಳೆಂದು ಮಾತ್ರ ಅವರಿಗೆ ನೆನಪಿತ್ತು. ಈಗ ಇದ್ದಾಳೋ ಇಲ್ಲವೋ ತಿಳಿಯದು.

ಇದ್ದರು. ಚಿತ್ರಮಂದಿರ ಹೋಗಿ ವಾಹನ ನಿಲ್ಲಿಸುವ ಕಟ್ಟಡ ಬಂದಿತ್ತು, ಗಲ್ಲಿ ಹಾಗೇ ಉಳಿದಿತ್ತು. ಅಂಗಡಿಯ ಮುಂದೆ ಹೊಟ್ಟೆ ಹರಿದ ಬೆತ್ತದ ಕುರ್ಚಿಗಳು ಒಂದರ ಮೇಲೊಂದು ಕೂತಿದ್ದವು. ಹಿಂದಿನ ಕೋಣೆಯಿಂದ ಪುಟ್ಟ ಆಳಿನ, ಚುರುಕು ಕಣ್ಣಿನ ಹಿರಿಯಾಕೆಯೊಬ್ಬರು ಹೊರಬಂದರು. ಬೆರಳ ಗಂಟುಗಳು ಊದಿಕೊಂಡಿದ್ದವು. ಅಂಗಡಿ ಈಗ ತಮ್ಮನ ಮಗನದ್ದು, ತಾನು ಬರೀ ಕೂತು ತಿನ್ನುವವಳು ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಂಡರು. ದನಿಯಕ್ಕ ಬಂದ ಕಾರಣ ಹೇಳುತ್ತಿದ್ದಂತೆ ಆಕೆ ಬೆಂಚಿನ ಮೇಲೆ ಮೆಲ್ಲಗೆ ಕುಳಿತರು.

"ಅದು ಹೊರಗಿನವರಿಗೆ ಗೊತ್ತಾಗತ್ತೆ ಅಂತ ನಾನು ಅಂದುಕೊಂಡೇ ಇರಲಿಲ್ಲ."

"ಎಲ್ಲಿ ಚುಕ್ಕಿ ಹಾಕಬೇಕು ಅಂತ ನಿಮಗೆ ಹೇಗೆ ತಿಳೀತಿತ್ತು?"

"ನನಗೆಲ್ಲಿ ತಿಳೀತಿತ್ತು? ಅಮ್ಮನಿಗೆ ತಿಳೀತಿತ್ತು."

ಆಮೇಲೆ ಒಂದೊಂದೇ ಹೊರಬಂತು. ಆಗ ಇದ್ದದ್ದು ಇದೊಂದೇ ಕೋಣೆ. ಕಿಟಕಿಯ ಕಡೆ ಮಗಳ ಟೈಪ್‌ರೈಟರು, ಬಾಗಿಲ ಕಡೆ ತಾಯಿಯ ಬೆತ್ತದ ಕಂತೆ. ತಾಯಿಗೆ ಓದು ಬರಹ ಬಾರದು. ಇಡೀ ದಿನ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದರು. ಮಗಳು ಟಕಟಕ ಎನ್ನಿಸಲು ಕೂತಳೆಂದರೆ ಅವರಿಗೆ ಕಿರಿಕಿರಿ. ಅಷ್ಟೊಂದು ಸದ್ದು ಮಾಡ್ತೀಯಲ್ಲ, ಏನು ಅಂತಾದ್ರೂ ಹೇಳು ಎಂದು ಒಂದು ದಿನ ಗದರಿದರು. ಅಂದಿನಿಂದ ಮಗಳು ಮೊದಲು ಗಟ್ಟಿಯಾಗಿ ಓದುವುದು, ಆಮೇಲೆ ಟೈಪ್ ಮಾಡುವುದು ರೂಢಿಯಾಯಿತು.

"ಕಥೆ ಕೇಳೋರು ಹೂಂಗುಟ್ಟಬೇಕಲ್ಲ? ಅಮ್ಮ ಬೆತ್ತ ಎಳೀತಾ ಹೂಂ ಅನ್ನೋರು. ಹೂಂ ಅಂದ ಕಡೆ ನಾನು ಚುಕ್ಕಿ ಹೊಡೀತಿದ್ದೆ. ಅನ್ನಲಿಲ್ಲ ಅಂದ್ರೆ ವಾಕ್ಯ ಎಲ್ಲೋ ದಾರಿ ತಪ್ಪಿದೆ ಅಂತ ಅರ್ಥ. ಹಿಂದಕ್ಕೆ ಹೋಗಿ ತುಂಡು ಮಾಡಿ ಮತ್ತೆ ಓದ್ತಿದ್ದೆ."

ಇಲ್ಲಿಗೂ ಜೊತೆಗೆ ಬಂದಿದ್ದ ಅತ್ತೆ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ದನಿಯಕ್ಕನಿಗೆ ಇನ್ನೊಂದು ಕೇಳುವುದಿತ್ತು. ವಿಮಾನದ ಕಾದಂಬರಿಯಲ್ಲಿ ನರ್ಸು ಹುಡುಗಿ ರನ್‌ವೇ ಪಕ್ಕ ನಿಂತು ಕಾಯುವ ಜಾಗದಲ್ಲಿ ಒಂದೇ ವಾಕ್ಯ ಪುಟ ದಾಟಿ ಹೋಗುತ್ತದೆ. ಇಡೀ ಪುಸ್ತಕದಲ್ಲಿ ಅವಳಿಗೆ ಏದುಸಿರು ಬಂದದ್ದು ಅಲ್ಲೊಂದೇ ಕಡೆ. ಹೊಸ ಮುದ್ರಣದ ಮುನ್ನುಡಿ ಬರೆದವರು ಆ ವಾಕ್ಯವನ್ನು ವಿರಹದ ಅನಂತತೆ ಎಂದು ಕೊಂಡಾಡಿದ್ದರು.

"ಅಲ್ಲಿ ಯಾಕೆ ಚುಕ್ಕಿ ಹಾಕಲಿಲ್ಲ?"

ಹಿರಿಯಾಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಅಮ್ಮ ಗೊರಕೆ ಹೊಡೀತಿದ್ರು. ಮಧ್ಯಾಹ್ನದ ಊಟ ಜಾಸ್ತಿ ಆಗಿತ್ತು. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಸಂಜೆ ಹಾಳೆ ಕೊಡಲೇಬೇಕಿತ್ತು, ಇದ್ದ ಹಾಗೇ ಹೊಡೆದು ಕೊಟ್ಟೆ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನಾಯಿತೆಂದು ಅಂಗಡಿಯಿಂದ ತಮ್ಮನ ಮಗ ಇಣುಕಿ ಹೋದ.

"ಮತ್ತೆ ಕೊಲೆಗಾರನನ್ನ ಹಿಡೀತಿದ್ದದ್ದು?" ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತ.

"ಅದೂ ಅಮ್ಮನೇ. ಕಥೇಲಿ ಯಾರಾದ್ರೂ ಬಂದು ಬಹಳ ಒಳ್ಳೆ ಮಾತಾಡಿದ್ರು ಅಂದ್ರೆ ಅವನ ಹೆಸರಿಗೆ ಹೂಂ ಅನ್ನುತ್ಲೇ ಇರಲಿಲ್ಲ. ಅಲ್ಲಿಗೆ ನನಗೆ ತಿಳೀತಿತ್ತು, ಇವನೇ ಅಂತ. ಆ ಲೇಖಕರಿಗೆ ಹೇಳಿ ಕಳಿಸಿ ಗೋಳುಹೊಯ್ಕೋತಿದ್ದೆ. ಅಮ್ಮ ಅಂತ ಹೇಳಿರಲಿಲ್ಲ. ಬೆತ್ತ ಹೆಣೆಯೋಳು ಕಂಡುಹಿಡಿದಳು ಅಂದ್ರೆ ಪಾಪ, ನೊಂದ್ಕೋತಾರೆ ಅಂತ."

ತಾಯಿ ಹೋದ ಮೇಲೆ ಇನ್ನೊಂದು ಕಾದಂಬರಿ ಟೈಪಿಗೆ ಬಂದಿತ್ತಂತೆ. ಮೊದಲ ಪುಟ ಗಟ್ಟಿಯಾಗಿ ಓದಿದರಂತೆ. ಕೋಣೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯದೆ ಹಸ್ತಪ್ರತಿ ಮರಳಿಸಿದರಂತೆ. ಆಮೇಲೆ ನಿವೃತ್ತಿಯವರೆಗೂ ಕಚೇರಿಯ ಕಾಗದ ಪತ್ರಗಳು ಮಾತ್ರ. "ಅದಕ್ಕೆ ಯಾರೂ ಹೂಂಗುಟ್ಟಬೇಕಾಗಿಲ್ಲ" ಎಂದು ಆಕೆ ಊದಿದ ಬೆರಳುಗಳನ್ನು ನೋಡಿಕೊಂಡರು.

ಈ ಕಾದಂಬರಿಗಳ ಕೊನೆಯಲ್ಲಿ ಓದಿದವರ, ಧ್ವನಿಮುದ್ರಿಸಿದವರ ಹೆಸರು ಹೇಳುವ ವಾಡಿಕೆಯಿತ್ತು. ಅಲ್ಲಿ ನಿಮ್ಮ ಹೆಸರೂ ಸೇರಿಸುತ್ತೇನೆ ಎಂದಳು ದನಿಯಕ್ಕ.

"ನನ್ನದು ಬೇಡ. ಹಾಕಿದ್ರೆ ಅಮ್ಮನದು ಹಾಕಿ."

"ಏನು ಅಂತ ಹಾಕಲಿ?"

"ಹೂಂಗುಟ್ಟಿದವರು ಅಂತ. ಸುಳ್ಳು ಯಾಕೆ?"

ಮ್ಯಾನೇಜರ್ ಮೊದಲು ಇದು ತಮಾಷೆ ಎಂದುಕೊಂಡ. ಅಲ್ಲವೆಂದು ತಿಳಿದ ಮೇಲೆ, "ಹೂಂ ಅಂದವರ ಹೆಸರೆಲ್ಲ ಹಾಕ್ತಾ ಹೋದ್ರೆ ನಾನು ಸಂಸ್ಥೆ ಮುಚ್ಚಬೇಕಾಗತ್ತೆ" ಎಂದ. ದನಿಯಕ್ಕ ವಾದ ಮಾಡಲು ಹೋಗದೆ ಪತ್ತೇದಾರಿ ಲೇಖಕರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ಬೆತ್ತ ಹೆಣೀತಾ ನನ್ನ ಗುಮಾಸ್ತನನ್ನ ಹಿಡಿದ್ರಾ?" ಎಂದರು ಅವರು. ದನಿಯಲ್ಲಿ ನೋವಿರಲಿಲ್ಲ, ಬೆರಗಿತ್ತು. "ನಾನು ಯಾರಿಗೆ ಬರೀತಿದ್ದೀನಿ ಅಂತ ಆಗಲೇ ಗೊತ್ತಿದ್ದಿದ್ರೆ ಇನ್ನೂ ಚೆನ್ನಾಗಿ ಬರೀತಿದ್ದೆ ಕಣಮ್ಮ. ನಿಮ್ಮ ಮ್ಯಾನೇಜರಿಗೆ ಹೇಳಿ, ಆ ಹೆಸರು ಇಲ್ಲದಿದ್ರೆ ನನ್ನ ಪುಸ್ತಕವೂ ಇಲ್ಲ."

ಎಂಬತ್ತರ ಪುಸ್ತಕಕ್ಕೆ ಹಾಗೆ ದಾರಿಯಾಯಿತು. ಎಪ್ಪತ್ತರದ್ದಕ್ಕೆ ಆಗಲಿಲ್ಲ. ಲೇಖಕಿಯ ಮಗಳು ಖಡಾಖಂಡಿತವಾಗಿ ಒಲ್ಲೆನೆಂದಳು. ನಮ್ಮಮ್ಮನ ವಾಕ್ಯ ನಮ್ಮಮ್ಮನದೇ, ಅದರ ಬಾಲ ಕತ್ತರಿಸಿದವರಿಗೆಲ್ಲ ಪಾಲಿಲ್ಲ ಎಂದು ಫೋನಿಟ್ಟಳು. ದನಿಯಕ್ಕ ಬೇಜಾರಿನಿಂದಲೇ ಅದನ್ನು ಗಲ್ಲಿಯ ಮನೆಗೆ ಮುಟ್ಟಿಸಿದಾಗ ಹಿರಿಯಾಕೆ ತಲೆಯಾಡಿಸಿದರು. "ಇರಲಿ ಬಿಡಿ. ಅವರ ಅಮ್ಮ ಅವರಿಗೆ, ನನ್ನ ಅಮ್ಮ ನನಗೆ."

ಪತ್ತೇದಾರಿ ಹೊರಬಂದ ದಿನ ದನಿಯಕ್ಕ, ಅತ್ತೆ ಇಬ್ಬರೂ ಅದೇ ಬೆಂಚಿನ ಮೇಲೆ ಆಕೆಯ ಎರಡು ಪಕ್ಕದಲ್ಲಿ ಕುಳಿತಿದ್ದರು. ಕೊನೆಯ ಅಧ್ಯಾಯ ಮುಗಿಯಿತು. ಲೇಖಕರ ಹೆಸರು, ಓದಿದವರ ಹೆಸರು, ಆಮೇಲೆ ತಾಯಿಯ ಹೆಸರು ಬಂತು. ಹಿರಿಯಾಕೆ ಮುಖ ಎತ್ತಲಿಲ್ಲ. "ಅಮ್ಮನ ಹೆಸರನ್ನ ಬೇರೆಯವರ ಬಾಯಲ್ಲಿ ಕೇಳಿ ಎಷ್ಟು ಕಾಲ ಆಯ್ತೋ" ಎಂದರು. ದನಿಯಕ್ಕ ಆ ತುಣುಕನ್ನು ಇನ್ನೊಮ್ಮೆ ಹಾಕಿದಳು. ಅಂಗಡಿಯಲ್ಲಿ ತಮ್ಮನ ಮಗನ ಸುತ್ತಿಗೆಯೂ ನಿಂತಿತ್ತು.

ಅತ್ತೆ ಸಮಯ ನೋಡಿ ಕೆಮ್ಮಿದರು. "ಅಲ್ಲ, ಪುಸ್ತಕದಲ್ಲಿ ಕೊಲೆ ಮಾಡಿದ್ದು ವಿಧವೆ ಅಂತ ಇದೆ. ಗುಮಾಸ್ತನನ್ನ ನಿಮ್ಮಮ್ಮ ಹಿಡಿದ ಮೇಲೆ ವಿಧವೆ ಬಂದ್ಲಾ?"

"ಇಲ್ಲ ಇಲ್ಲ. ಗುಮಾಸ್ತ ಆದ್ಮೇಲೆ ದೋಣಿಯವನು ಬಂದ. ಅವನನ್ನೂ ಅಮ್ಮ ಹಿಡಿದ್ರು. ಆಮೇಲೆ ವಿಧವೆ."

"ಅವಳನ್ನ ಹಿಡೀಲಿಲ್ವಾ?"

"ಅವಳ ಹೆಸರಿಗೆ ಅಮ್ಮ ಪ್ರತಿಸಲ ಹೂಂ ಅಂದ್ರು."

"ಹಾಗಾದ್ರೆ ವಿಧವೆ ಕೊಂದಿಲ್ಲ!" ಎಂದರು ಅತ್ತೆ, ಇಷ್ಟು ವರ್ಷ ನಂಬಿದ್ದು ಸುಳ್ಳಾಯಿತೆಂಬ ಸಿಟ್ಟಿನಲ್ಲಿ. "ಮತ್ತೆ ಯಾರು ಕೊಂದದ್ದು?"

"ಆ ಸಲ ಅಮ್ಮ ಹೂಂ ಅನ್ನದೇ ಇದ್ದದ್ದು ಕಥೆಯಲ್ಲಿ ಬರೋ ವೈದ್ಯನ ಹೆಸರಿಗೆ. ನನಗೂ ಅವನ ಮೇಲೇ ಗುಮಾನಿ" ಎಂದು ಹಿರಿಯಾಕೆ ಬೆಂಚಿನ ಮೇಲೆ ಅತ್ತೆಯ ಕಡೆಗೆ ಸರಿದು ಕುಳಿತರು. "ಆ ಕೈಗವಸಿನ ವಿಷಯ ನೆನಪಿದೆಯಾ ನಿಮಗೆ? ಮೊದಲಿಂದ ಹೇಳ್ತೀನಿ, ಕೇಳಿ."