ದಣಿಯ ಕೋಟು

“ಎದ್ದಿಲ್ವೇನೇ ಮುಂಡೆ ಇನ್ನೂ? ಸತ್ತೋನಿಗೆ ಅತ್ತಿದ್ದು ಸಾಕು. ಬದುಕಿರೋರ ಹೇಲು ಬಳಿಯೋರು ಯಾರು?”

ರುಪೇನಿ ದಣಿ ಬಾಗಿಲಾಚೆ ನಿಂತಿದ್ದ. ನಮ್ಮ ಗುಡಿಸಲುಗಳ ಒಳಗೆ ಅವನು ಬರುವುದಿಲ್ಲ. ಮುಂಡೆ ಎನ್ನುವ ಪದವನ್ನು ಅವನ ಬಾಯಿಂದ ಹಿಂದೆಯೂ ಕೇಳಿದ್ದೆ. ಆಗ ಅದು ಬರೀ ಬೈಗುಳವಾಗಿತ್ತು. ಈಗ ನಿಜವೂ ಆಗಿತ್ತು.

ಶೋಕದ ರಾತ್ರಿಗಳು ಮುಗಿದಿದ್ದವು. ನೆಂಟರು ತಮ್ಮ ಪಾಲಿನ ಚಾಪೆ ಸುತ್ತಿಕೊಂಡು ದೋಣಿ ಹತ್ತಿದ್ದರು. ಒಲೆಯಲ್ಲಿ ಬೂದಿ ತಣ್ಣಗಿತ್ತು. ತೋಟದ ಕಡೆಯಿಂದ ಕೊಡಲಿ ತೆಂಗಿನಕಾಯಿಗೆ ಬೀಳುವ ಸದ್ದು ಬರುತ್ತಿತ್ತು. ಅದರಲ್ಲಿ ನನ್ನ ಗಂಡ ವಿಲಿಸೋನಿಯ ಕೊಡಲಿಯ ಸದ್ದು ಯಾವುದು ಎಂದು ಕಿವಿಗೊಟ್ಟೆ. ಅಭ್ಯಾಸ.

“ನಮ್ಮಮ್ಮ ಒದ್ದೆ ಮಾಡ್ಕೊಂಡು ಬಿದ್ದವಳೆ. ನನ್ನ ಹೆಂಡ್ತಿ ಮೂಗು ಮುಚ್ಕೊಂಡು ಓಡಾಡ್ತಾವಳೆ. ನಿನ್ನ ಗಂಡ ದಿನಾ ಬೆಳಗ್ಗೆ ತೊಳೀತಿದ್ದ, ಒಂದು ದಿನ ಮುಖ ಸಿಂಡರಿಸಲಿಲ್ಲ. ನಂಬಿಕೆ ಅಂದ್ರೆ ಅದು. ಬಾಯಲ್ಲಿದ್ರೆ ಸಾಲದು, ಕೈಗೆ ಇಳೀಬೇಕು. ಅವನ ಜಾಗಕ್ಕೆ ನೀನು ಬಾ.”

“ನಾನು ಕೊಬ್ಬರಿ ಕೆಲಸದೋಳು, ದಣಿ.”

“ಓಹೋ, ಸುವಾದಲ್ಲಿ ಓದಿದ ಮೇಡಮ್ಮೋರು! ಓದಿ ಏನ್ ಕಿತ್ತು ಗುಡ್ಡೆ ಹಾಕಿದೆ? ಹಡಗಿನ ಜಾತಿ, ಕೊನೆಗೆ ನನ್ನ ತೆಂಗಿನ ಬುಡಕ್ಕೇ ಬಂದು ಬಿದ್ದೆ. ಕೇಳಿಸ್ಕೋ. ಈ ಗುಡಿಸಲು ಇರೋದು ಕೆಲಸ ಮಾಡೋ ಕೈಗೆ, ಅಳೋ ಕಣ್ಣಿಗಲ್ಲ. ಅಮ್ಮನ ಕೆಲಸ ನಿನಗೆ. ಕೋಟು ಅವನ ತಮ್ಮ ಸೆಕೋವೆಗೆ. ಭಾನುವಾರ ಅವನು ಅದನ್ನ ಹಾಕ್ಕೊಂಡು ಚರ್ಚಲ್ಲಿ ಪ್ರಸಂಗ ಮಾಡ್ಬೇಕು. ಆಗಲ್ಲ ಅಂದ್ರೆ ಗಂಟು ಕಟ್ಟು.”

ಹಡಗಿನ ಜಾತಿ ಎಂದರೆ ನಾವು. ನಮ್ಮ ಮುತ್ತಜ್ಜಂದಿರನ್ನು ಸಾಲೊಮನ್ ದ್ವೀಪಗಳಿಂದ ಹಡಗಿನಲ್ಲಿ ತುಂಬಿ ಫಿಜಿಯ ಈ ತೋಟಗಳಿಗೆ ತಂದರು. ಇಂದಿಗೂ ಗೇಣು ನೆಲ ನಮ್ಮದಲ್ಲ. ಇದನ್ನು ನಾನು ರಾಜಧಾನಿ ಸುವಾದ ವಿಶ್ವವಿದ್ಯಾಲಯದಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಒಳ್ಳೆಯ ಅಂಕ ಬಂದಿತ್ತು.

ಕೋಟು ಗೋಡೆಯ ಮೊಳೆಯಲ್ಲಿತ್ತು. ಕಪ್ಪು ಬಣ್ಣ, ತೋಳು ತುಸು ಉದ್ದ. ನಮ್ಮ ಚರ್ಚಿನಲ್ಲಿ ಕೋಟಿಲ್ಲದ ಗಂಡಸು ಪ್ರಸಂಗದ ಪೀಠ ಹತ್ತುವಂತಿಲ್ಲ. ನಾವು ಮದುವೆಯಾದ ಹೊಸದರಲ್ಲಿ ವಿಲಿಸೋನಿ ದಣಿಯ ಮುಂದೆ ಮಂಡಿಯೂರಿ ಈ ಹಳೆಯ ಕೋಟನ್ನು ಕೇಳಿದ್ದ. ಹೀಗೆ ಕೇಳುವುದಕ್ಕೆ ಕೆರೆಕೆರೆ ಎನ್ನುತ್ತೇವೆ. ಕೇಳಿದರೆ ಇಲ್ಲ ಎನ್ನಬಾರದು. ಪಡೆದವನು ಅಂಗೈಗಳನ್ನು ಬೊಗಸೆ ಮಾಡಿ ಚಪ್ಪಾಳೆ ತಟ್ಟುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಪಡೆದದ್ದನ್ನು ಹಿಂದಕ್ಕೆ ಕೊಡುವುದಿಲ್ಲ. ಕೊಟ್ಟವನು ಮುಂದೊಂದು ದಿನ ತನಗೆ ಬೇಕಾದ್ದನ್ನು ಕೇಳುತ್ತಾನೆ.

ದಣಿ ಮುಂದೊಂದು ದಿನಕ್ಕೆ ಕಾಯಲಿಲ್ಲ. ಮಾರನೆಯ ಬೆಳಗ್ಗೆಯೇ ಕೇಳಿದ. ಆಮೇಲೆ ಪ್ರತಿ ಬೆಳಗ್ಗೆ. ತಾಯಿಯನ್ನು ತೊಳೆಯುವುದು, ಬಾವಿಯ ಹೂಳು, ಹಂದಿಯ ಬೇಲಿ, ಕೊಬ್ಬರಿ ಒಣಗಿಸುವ ಗೂಡಿನ ಛಾವಣಿ. ಎಲ್ಲವೂ ದೇವರ ಹೆಸರಿನಲ್ಲಿ. ಆ ಛಾವಣಿಯ ಮೇಲೆಯೇ ವಿಲಿಸೋನಿ ಸತ್ತದ್ದು. ತಗಡು ಹೊದಿಸುತ್ತಾ ಕೂತವನು ಕೂತಲ್ಲೇ ವಾಲಿದನಂತೆ.

ಅವನನ್ನು ಕೋಟಿನಲ್ಲೇ ಮಲಗಿಸಬೇಕೆಂದು ಎಲ್ಲರೂ ಹೇಳಿದರು. ನಾನು ಬಿಳಿ ಅಂಗಿ ಹಾಕಿಸಿದೆ. ಕೋಟನ್ನು ಮೊಳೆಗೆ ಹಾಕುವಾಗ ಅವನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ನನ್ನನ್ನು ಹಾಗೆ ಹಿಡಿದದ್ದು ನೆನಪಿಲ್ಲ.

ಪಕ್ಕದ ಗುಡಿಸಲಿನ ಅಕಾನಿಸಿ ಬೇಯಿಸಿದ ಮರಗೆಣಸು ತಂದಳು. ಇಟ್ಟವಳು ಹೋಗಲಿಲ್ಲ.

“ಅವನ ಕತ್ತಿ ಇತ್ತಲ್ಲ ವಾಸಿತಿ, ಉದ್ದದ್ದು…”

“ತಗೊಂಡು ಹೋಗಕ್ಕ.”

ಅವಳು ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂಗೊರೆಸಿದಳು. “ನನ್ನ ಮಗೀಗೆ ಜ್ವರ ನೆತ್ತಿಗೇರಿದಾಗ ಬೆನ್ನ ಮೇಲೆ ಹಾಕ್ಕೊಂಡು ಆಸ್ಪತ್ರೆಗಂಟ ಓಡಿದ್ದ, ಪುಣ್ಯಾತ್ಮ. ದಾರಿಯುದ್ದಕ್ಕೂ ಅದಕ್ಕೆ ಹಾಡು ಹೇಳ್ಕೊಂಡೇ ಹೋದ. ಆ ಆಮೆ ಹಾಡು.”

“ಯಾವ ಆಮೆ ಹಾಡು?”

“ಅಯ್ಯೋ, ನಿನಗೆ ಹಾಡಿಲ್ವಾ? ನಮ್ಮ ಹಟ್ಟಿ ಮಕ್ಕಳಿಗೆಲ್ಲ ಬಾಯಿಪಾಠ ಆಗೈತೆ.”

ನನಗೆ ಹಾಡಿರಲಿಲ್ಲ. ಮನೆಗೆ ಬರುವ ಹೊತ್ತಿಗೆ ಅವನಲ್ಲಿ ಹಾಡು ಉಳಿದಿರುತ್ತಿರಲಿಲ್ಲ. ಹೆಣದ ಸುತ್ತ ಕೂತ ಪ್ರತಿಯೊಬ್ಬರ ಬಳಿಯೂ ಅವನದೊಂದು ತುಂಡಿತ್ತು. ಒಬ್ಬರ ಮನೆಗೆ ಕಂಬ ನೆಟ್ಟಿದ್ದ. ಬೆರಳು ಸೆಟೆದುಕೊಂಡ ಮುದುಕನೊಬ್ಬನ ಉಗುರು ಕತ್ತರಿಸಿದ್ದ. ಹಿಡಿದ ಮೀನನ್ನು ಯಾರೋ ಬಸುರಿಗೆ ಕೊಟ್ಟು ನನಗೆ ಕೆಸುವಿನ ಸೊಪ್ಪು ತಂದಿದ್ದ. ಅವರೆಲ್ಲ ನೆಲ ಬಡಿದುಕೊಂಡು ಅತ್ತರು. ನನಗೆ ಅಳು ಬರಲಿಲ್ಲ. ಅವರು ಅಳುವುದನ್ನು ನೋಡಿ ಹೊಟ್ಟೆ ಉರಿಯಿತು. ಅಷ್ಟು ಅಳುವುದಕ್ಕೆ ಅವರ ಬಳಿ ಏನೋ ಇತ್ತು.

“ಕೋಟು ಸೆಕೋವೆಗೆ ಕೊಡ್ಬೇಕಂತಲ್ಲ?” ಎಂದಳು ಅಕಾನಿಸಿ. “ಕೊಟ್ಬಿಡು ತಾಯಿ. ಆ ಮುದುಕೀನ ತೊಳಿ. ಮೂಗಿಗೆ ಬಟ್ಟೆ ಕಟ್ಕೋ. ತಲೆ ಮೇಲೆ ಸೂರು ಉಳೀತದೆ.”

“ದಣಿಗೇ ಹಿಂದಕ್ಕೆ ಕೊಟ್ರೆ?”

ಅವಳು ಕತ್ತಿಯನ್ನು ನೆಲಕ್ಕಿಟ್ಟಳು. “ಥೂ, ಬಿಡ್ತು ಅನ್ನು. ಹಿಂದಕ್ಕೆ ಕೊಡೋದು ಅಂದ್ರೆ ಮುಖಕ್ಕೆ ಉಗಿದಂಗೆ. ನಿನಗೂ ನನಗೂ ಋಣ ಹರೀತು ಅಂದಂಗೆ. ಹೆತ್ತೋರು ಮಕ್ಕಳು ಕಿತ್ತಾಡಿದ್ರೂ ಹಂಗೆ ಮಾಡಲ್ಲ.”

ದಣಿಯ ಮನೆಗೆ ಹಿತ್ತಿಲ ಬಾಗಿಲಿನಿಂದ ಹೋದೆ. ಅವನ ತಾಯಿಯನ್ನು ಊರೆಲ್ಲ ಬೂಬೂ, ಅಂದರೆ ಅಜ್ಜಿ, ಎಂದೇ ಕರೆಯುತ್ತದೆ. ಹಿಂದಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ಹೋಗಿ ಬಹಳ ಕಾಲವಾಗಿತ್ತು.

“ಯಾರು?”

“ವಿಲಿಸೋನಿ ಹೆಂಡ್ತಿ, ಬೂಬೂ.”

“ಸುಳ್ಳಿ. ಅವನಿಗೆ ಹೆಂಡ್ತಿ ಇಲ್ಲ. ಇದ್ದಿದ್ರೆ ಕೋಳಿ ಕೂಗೋಕೆ ಮುಂಚೆ ನನ್ನ ಹತ್ರ ಯಾಕೆ ಓಡಿ ಬರ್ತಿದ್ದ?”

ಇದೇ ಪ್ರಶ್ನೆಯನ್ನು ನಾನೂ ಅವನಿಗೆ ಕೇಳಿದ್ದೆ, ಬೇರೆ ಮಾತಿನಲ್ಲಿ. ನಕ್ಕು ಹೊರಟುಹೋಗಿದ್ದ.

ಕೆಳಗೆ ಹಾಸಿದ ಬಟ್ಟೆ ಒಣಗಿ ಚರ್ಮಕ್ಕೆ ಅಂಟಿತ್ತು. ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದೆ. ಮಗ್ಗುಲಿಗೆ ಹೊರಳಿಸಿ ಬೆನ್ನು ನೋಡಿದೆ. ವರ್ಷಗಟ್ಟಲೆ ಮಲಗಿದವಳ ಬೆನ್ನಿನಲ್ಲಿ ಒಂದೂ ಹಳೆಯ ಹುಣ್ಣಿಲ್ಲ. ಅವನು ಹೋದ ಮೇಲೆ ಎದ್ದ ಕೆಂಪು ಗುಳ್ಳೆಗಳಷ್ಟೇ ಇದ್ದವು. ದಿನವೂ ಎಣ್ಣೆ ತಿಕ್ಕಿ, ಒರೆಸಿ, ಹೊರಳಿಸಿ ಅದನ್ನು ಕಾಪಾಡಿದ್ದ. ನನ್ನ ಭುಜದ ಮೇಲೆ ಕೊಬ್ಬರಿ ಮೂಟೆಯ ಹಗ್ಗ ಕೊರೆದ ಗಾಯ ಇನ್ನೂ ಮಾಯ್ದಿಲ್ಲ. ಆ ಮುದುಕಿಯ ನುಣುಪು ಬೆನ್ನನ್ನು ನೋಡುತ್ತಾ ಕೂತೆ.

“ನಿನ್ನ ಕೈ ಒರಟು,” ಎಂದಳು. “ಅವನದು ಮೆತ್ತಗೆ.”

ತಲೆ ಬಾಚುವಾಗ ಒಂದು ಸಿಕ್ಕನ್ನು ಬೇಕೆಂದೇ ಎಳೆದೆ. ಬೂಬೂ ಕಿರುಚಲಿಲ್ಲ. ಬೊಚ್ಚು ಬಾಯಿ ತೆರೆದು ನಕ್ಕಳು.

“ಉರೀತದಾ? ಉರೀಲಿ. ನನ್ನ ಒಳ್ಳೆ ಬಾಚಣಿಗೆ ಇದಲ್ಲ. ಮರದ್ದು, ಉದ್ದ ಹಲ್ಲಿಂದು. ಅವನೇ ಕೇಳಿ ಇಸ್ಕೊಂಡ. ಮನೇಲಿ ಒಬ್ಬಳವಳೆ, ಕೂದಲು ಕಾಡು ಬೆಳೆದಂಗೆ ಬೆಳೆದೈತೆ ಅಂದ. ಹೆಂಡ್ತಿ ಅನ್ನಲಿಲ್ಲ.”

ನಾನು ತಲೆ ಮುಟ್ಟಿಕೊಂಡೆ. ಶೋಕಕ್ಕೆಂದು ಮೊಟಕಾಗಿ ಕತ್ತರಿಸಿದ ಕೂದಲು ಅಂಗೈಗೆ ಚುಚ್ಚಿತು.

“ಎದೆ ನೋವು ಹೋಯ್ತಾ ಅವನಿಗೆ?”

“ಯಾವ ಎದೆ ನೋವು, ಬೂಬೂ?”

“ನೋಡ್ದಾ, ನೀನು ಹೆಂಡ್ತಿ ಅಲ್ಲ. ಇಲ್ಲೇ, ನನ್ನ ಕಾಲ ಹತ್ರ ಎದೆ ಹಿಡ್ಕೊಂಡು ಕೂತ್ಕೊಳ್ತಿದ್ದ. ಬೆವರು ನನ್ನ ಪಾದಕ್ಕೆ ತೊಟ್ಟಿಕ್ಕೋದು. ನನ್ನ ಮಗನ ಮುಂದೆ ಮಂಡಿಯೂರಿ ಕೆರೆಕೆರೆ ಅಂದ, ಲಾರೀಲಿ ಆಸ್ಪತ್ರೆಗೆ ಕಳಿಸಿ ಅಂತ. ಛಾವಣಿ ಮುಗೀಲಿ, ಆಮೇಲೆ ನೋಡನ ಅಂದ ಇವನು. ನಾನು ಮಲಗಿದ್ದೆ. ಕಿವಿ ಮಲಗಿರಲಿಲ್ಲ.”

ಒದ್ದೆ ಕೈಯಲ್ಲೇ ತೋಟಕ್ಕೆ ಹೋದೆ. ದಣಿ ಮೂಟೆಯೊಂದರ ಮೇಲೆ ಕೂತಿದ್ದ. ಸುತ್ತ ನಮ್ಮವರು ಕಾಯಿ ಒಡೆಯುತ್ತಿದ್ದರು.

“ದಣಿ, ಅವನು ನಿಮ್ಮ ಲಾರಿ ಕೇಳಿದ್ನಂತೆ.”

ಕೊಡಲಿಗಳು ನಿಂತವು.

“ಯಾರಂದ್ರು?”

“ಬೂಬೂ.”

“ಉಚ್ಚೆ ಎಲ್ಲಿ ಹುಯ್ಯಬೇಕು ಅಂತ ಗೊತ್ತಿಲ್ದೋಳ ಮಾತು ಕಟ್ಕೊಂಡು ಬಂದವಳೆ!”

ಕೆಲವರು ನಕ್ಕರು. ದಣಿ ನಗಿಸಿದರೆ ನಗುವುದು ನಮಗೆ ರೂಢಿ.

“ಕೇಳಿದ್ನಾ, ಇಲ್ವಾ?”

“ಕೇಳ್ದ. ಏನೀಗ? ಎದೆ ನೋವು ಯಾವ ಸೂಳೇಮಗನಿಗಿಲ್ಲ? ಇಲ್ಲ ಅನ್ನಲಿಲ್ಲ ನಾನು, ತಡಿ ಅಂದೆ. ದೇವರ ಕೆಲಸ ಮಾಡ್ತಾ ಮಾಡ್ತಾ ನೆಟ್ಟಗೆ ಸ್ವರ್ಗಕ್ಕೆ ಹೋದ.”

“ಗೂಡು ನಿಮ್ದು ದಣಿ. ದೇವರದ್ದಲ್ಲ.”

ಅವನು ತೆಂಗಿನ ಚಿಪ್ಪೊಂದನ್ನು ಎತ್ತಿ ಎಸೆದ. ನನ್ನ ಮೊಣಕಾಲಿಗೆ ತಗುಲಿತು. “ನಿನ್ನ ಉರಿ ನನಗೆ ಗೊತ್ತಿಲ್ವೇನೇ? ಊರೆಲ್ಲ ಅವನನ್ನ ಹೊಗಳ್ತದೆ, ನಿನ್ನ ಮೂಸೋ ನಾಯಿನೂ ಇಲ್ಲ. ಗಂಡನ ಪುಣ್ಯದ ಮೇಲೇ ಹೊಟ್ಟೆಕಿಚ್ಚು ಪಡೋ ಹೆಂಗಸನ್ನ ಇವತ್ತೇ ಕಂಡಿದ್ದು. ಹೋಗೇ, ಅಮ್ಮನ ಬಟ್ಟೆ ಒಗಿ ಹೋಗು.”

ಹೊಟ್ಟೆಕಿಚ್ಚಿನ ಮಾತು ಸುಳ್ಳಾಗಿರಲಿಲ್ಲ. ಲಾರಿಯ ಮಾತೂ ಸುಳ್ಳಾಗಿರಲಿಲ್ಲ. ಎರಡನ್ನೂ ಹೊತ್ತುಕೊಂಡು ವಾಪಸು ನಡೆದೆ.

ಸೆಕೋವೆ ಹಿಂದೆಯೇ ಓಡಿಬಂದ. ವಿಲಿಸೋನಿಯ ಚಿಕ್ಕಪ್ಪನ ಮಗ, ಅವನಿಗಿಂತ ಗಿಡ್ಡ.

“ಅತ್ತಿಗೆ, ಕೋಟು ಶನಿವಾರವೇ ಕೊಡು. ತೋಳು ಮಡಿಸಿ ಹೊಲಿಸ್ಕೋಬೇಕು.” ಅವನ ಕಣ್ಣು ಹೊಳೆಯುತ್ತಿತ್ತು. “ಅಣ್ಣನಿಗೆ ಅದು ಸಿಕ್ಕಿದಾಗಿಂದ ನನಗೆ ನೆಟ್ಟಗೆ ನಿದ್ದೆ ಇಲ್ಲ, ಸುಳ್ಳು ಯಾಕೆ ಹೇಳ್ಲಿ. ಪೀಠದ ಮೇಲೆ ನಿಂತಾಗ ಅವನು ದಣಿ ಥರಾನೇ ಕಾಣೋನು.”

“ಬೆಳಗ್ಗೆ ಎಷ್ಟೊತ್ತಿಗೆ ಏಳ್ತೀಯ ನೀನು?”

“ಯಾಕತ್ತಿಗೆ?”

“ಕೋಟು ಬೇಗ ಏಳ್ತದೆ.”

ಅವನಿಗೆ ಅರ್ಥವಾಗಲಿಲ್ಲ. “ನಾನೂ ಎದ್ರಾಯ್ತು,” ಎಂದು ನಕ್ಕ.

ಶನಿವಾರ ಕೋಟು ಒಗೆದೆ. ಕಂಕುಳ ಬಳಿ ಉಪ್ಪು ಕಟ್ಟಿತ್ತು. ಒಳ ಜೇಬಿನಲ್ಲಿ ಬಾಚಣಿಗೆ ಸಿಕ್ಕಿತು. ಮರದ್ದು, ಉದ್ದ ಹಲ್ಲಿನದು. ಹಲ್ಲುಗಳ ನಡುವೆ ಒಂದು ಬಿಳಿ ಕೂದಲಿತ್ತು. ಅದನ್ನು ನನಗೆ ಕೊಡಲು ಅವನಿಗೆ ಹೊತ್ತು ಸಿಕ್ಕಿರಲಿಕ್ಕಿಲ್ಲ. ಅಥವಾ ನೆನಪಾಗಿರಲಿಕ್ಕಿಲ್ಲ. ಯಾವುದು ಎಂದು ನನಗೆ ಇನ್ನು ತಿಳಿಯುವಂತಿಲ್ಲ. ಬಿಳಿ ಕೂದಲನ್ನು ತೆಗೆಯಲು ಹೋಗಿ, ಬಿಟ್ಟೆ. ಆಮೇಲೆ ಉಡುವ ಎರಡು ಬಟ್ಟೆ, ಒಂದು ಪಾತ್ರೆ, ನನ್ನ ಪದವಿಯ ಕಾಗದ ಇವಿಷ್ಟನ್ನು ಚಾಪೆಯಲ್ಲಿ ಸುತ್ತಿ ಕಟ್ಟಿದೆ.

ಭಾನುವಾರ ಬೆಳಗ್ಗೆ ಬೂಬೂನ ತೊಳೆದು ಬಂದೆ. ಯಾರೂ ಬಾ ಎಂದಿರಲಿಲ್ಲ.

ಚರ್ಚಿನಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಪೀಠದ ಪಕ್ಕದ ಕುರ್ಚಿಯಲ್ಲಿ ರುಪೇನಿ ದಣಿ; ಚರ್ಚಿನ ಹಿರಿಯನೂ ಅವನೇ. ಪೀಠದ ಕೆಳಗೆ ಸೆಕೋವೆ ಬಿಳಿ ಅಂಗಿ ತೊಟ್ಟು, ಕಾಲರಿಗೆ ಟೈ ಬಿಗಿದು, ನನ್ನ ಕೈಯನ್ನೇ ನೋಡುತ್ತಾ ಕಾದಿದ್ದ. ಕೂತ ಹಿರಿಯರ ನಡುವೆ ಹಾಯುವಾಗ ಬೆನ್ನು ಬಗ್ಗಿಸಿ, ಕ್ಷಮೆ ಕೇಳುತ್ತಾ ಹೋಗಬೇಕು. ನಾನು ನೆಟ್ಟಗೆ ನಡೆದೆ. ಹಾಡು ಒಂದೊಂದೇ ಬಾಯಲ್ಲಿ ನಿಂತಿತು.

ಸೆಕೋವೆ ಎರಡೂ ಕೈ ಚಾಚಿದ. ಅವನನ್ನು ದಾಟಿದೆ.

“ದಣಿ, ವಿಲಿಸೋನಿ ನಿಮ್ಮ ಹತ್ರ ಕೇಳಿ ತಗೊಂಡಿದ್ದ. ತಂದಿದ್ದೀನಿ.”

“ಅವನಿಗೆ ಕೊಡೇ, ಸೆಕೋವೆಗೆ.”

“ಸೆಕೋವೆದಲ್ಲ. ನಿಮ್ದು.”

ಹಿಂದೆ ಯಾರೋ ಉಸಿರೆಳೆದುಕೊಂಡರು. ಅಕಾನಿಸಿ ಇರಬೇಕು. ದಣಿಯ ದನಿ ತಗ್ಗಿತು. ಅಷ್ಟು ಮೆಲ್ಲಗೆ ಅವನು ನಮ್ಮ ಯಾರ ಬಳಿಯೂ ಮಾತಾಡಿದ್ದಿಲ್ಲ.

“ತಗೊಂಡು ಹೋಗು ವಾಸಿತಿ. ಎಲ್ರೂ ನೋಡ್ತಾವ್ರೆ. ಗುಡಿಸಲು ನಿನಗೇ ಇರಲಿ, ಆಯ್ತಾ?”

“ಗಂಟು ಕಟ್ಟಿದ್ದೀನಿ, ದಣಿ.”

ಕೋಟನ್ನು ಅವನ ತೊಡೆಯ ಮೇಲೆ ಹರಡಿದೆ. ಎರಡೂ ಕೈಯಲ್ಲಿ ಹಿಡಿದು. ಮುಟ್ಟಬಾರದೆಂದು ಅವನು ತನ್ನ ಕೈಗಳನ್ನು ಮೇಲಕ್ಕೆತ್ತಿಕೊಂಡ, ಹಾಗೇ ಹಿಡಿದುಕೊಂಡಿದ್ದ. ಕೋಟಿನ ತೋಳುಗಳು ಕುರ್ಚಿಯ ಆಚೆ ಈಚೆ ನೆಲಕ್ಕೆ ಜೋತುಬಿದ್ದವು.

ಈಗ ಯಾರಾದರೂ ಚಪ್ಪಾಳೆ ತಟ್ಟಬೇಕಿತ್ತು. ಯಾರೂ ತಟ್ಟಲಿಲ್ಲ. ಬಾಚಣಿಗೆ ನನ್ನ ಸೊಂಟದಲ್ಲಿ ಚುಚ್ಚುತ್ತಿತ್ತು. ಅದು ಬೂಬೂದು. ಅದನ್ನು ನಾನು ಹಿಂದಕ್ಕೆ ಕೊಡಲಿಲ್ಲ.

ನಾನೇ ಅಂಗೈಗಳನ್ನು ಬೊಗಸೆ ಮಾಡಿ ತಟ್ಟಿದೆ.